ಇಪ್ಪತ್ತಾರನೇ ದಿನ ಅಕ್ಕ ವಾಪಸ್ ಹೋದರು

ನಾವು ಮೊಟ್ಟಮೊದಲು ಜೀತದಿಂದ ಬಿಡಿಸಿಕೊಂಡು ಬಂದ ಹೆಂಗಸು ಇಪ್ಪತ್ತಾರನೇ ದಿನ ತಾವಾಗಿಯೇ ವಾಪಸ್ ಕೆಲಸಕ್ಕೆ ಹೋದರು. ಯಾರೂ ಎಳೆದುಕೊಂಡು ಹೋಗಲಿಲ್ಲ, ಯಾರೂ ಹೆದರಿಸಲೂ ಇಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಚಾಪೆ ಸುತ್ತಿಟ್ಟಿದೆ, ನಾವು ಕೊಟ್ಟಿದ್ದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದಾರೆ, ಉಳಿದ ಅಕ್ಕಿಯನ್ನು ಚೀಲದಲ್ಲಿ ಗಂಟು ಕಟ್ಟಿ ಮೂಲೆಯಲ್ಲಿಟ್ಟಿದ್ದಾರೆ. ಲೆಕ್ಕ ಒಪ್ಪಿಸಿ ಹೋದ ಹಾಗಿತ್ತು.

ಇದು ನಡೆದದ್ದು ಶಿಡ್ಲಘಟ್ಟದಲ್ಲಿ, 2019ರ ಶುರುವಿನಲ್ಲಿ. ಅವರ ಹೆಸರು ಬರೆಯುವುದಿಲ್ಲ, ಅಕ್ಕ ಅಂತಲೇ ಅನ್ನುತ್ತೇನೆ. ನಾನು ಕರೆಯುವುದೂ ಹಾಗೇ.

ನಮ್ಮದು ದೊಡ್ಡ ಸಂಸ್ಥೆ ಏನಲ್ಲ. ಸಭೆಯ, ಅಂದರೆ ನಮ್ಮ ಚರ್ಚಿನ, ಹಿಂದುಗಡೆ ಒಂದು ಕೋಣೆ, ಒಂದು ಹಳೇ ಸ್ಕೂಟಿ, ನಾಲ್ಕು ಜನ. ನಾನು ಹುಟ್ಟಿ ಬೆಳೆದದ್ದು ಕೋಲಾರದಲ್ಲಿ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಹಿಂಡಿ ಹಾಕಿದ ಧಾತು ಈಶ್ವರ ಬರದಲ್ಲಿ (ಆ ಎರಡು ಸಂವತ್ಸರಗಳ ಹೆಸರು) ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳನ್ನು ಮಿಸ್ ಆನ್‌ಸ್ಟೀ ಅನ್ನುವ ಇಂಗ್ಲಿಷ್ ಮಿಷನರಿ ಕೋಲಾರದಲ್ಲಿ ಒಂದು ಅನಾಥಾಲಯ ಮಾಡಿ ಸಾಕಿದರು. ಆಮೇಲೆ ಆ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ನಮ್ಮಜ್ಜಿಯ ಅಜ್ಜಿ ಅಲ್ಲಿ ಬೆಳೆದವರಂತೆ. ಮನೆಯಲ್ಲಿ ಈ ಕಥೆ ಕೇಳಿ ಕೇಳಿ, ಮಕ್ಕಳನ್ನು ಕಾಪಾಡುವುದು ಅಂದರೆ ಕರೆದುಕೊಂಡು ಬಂದು ನಮ್ಮ ಕಟ್ಟಡದಲ್ಲಿ ಇಟ್ಟುಕೊಳ್ಳುವುದು ಅಂತಲೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಬರಗಾಲದಲ್ಲಿ ಅದು ಸರಿ, ಆ ಮಕ್ಕಳಿಗೆ ಯಾರೂ ಇರಲಿಲ್ಲ. ಅಕ್ಕನ ಮಗಳಿಗೆ ಅಮ್ಮ ಇದ್ದರು. ಅದು ನನಗೆ ಹೊಳೆಯಲೇ ಇಲ್ಲ.

ಶಿಡ್ಲಘಟ್ಟ ರೇಷ್ಮೆಯ ಊರು. ರೈತರು ಗೂಡು ತಂದು ಮಾರುಕಟ್ಟೆಯಲ್ಲಿ ಹರಾಜಿಗೆ ಇಡುತ್ತಾರೆ, ರೀಲರುಗಳು ಕೊಳ್ಳುತ್ತಾರೆ, ಆಮೇಲೆ ಊರಿನ ಗಲ್ಲಿ ಗಲ್ಲಿಯ ಶೆಡ್ಡುಗಳಲ್ಲಿ ನೂಲು ಬಿಚ್ಚುತ್ತಾರೆ. ಬೆಂದ ಹುಳದ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಈಗ ಆ ವಾಸನೆ ಗೊತ್ತೇ ಆಗುವುದಿಲ್ಲ.

ನೂಲು ಬಿಚ್ಚುವವರ ಕೈ ನೋಡಿದ್ದೀರಾ? ಕುದಿಸಿದ ಗೂಡು ಬಿಸಿನೀರಿನ ಬೇಸಿನ್‌ನಲ್ಲಿ ತೇಲುತ್ತಿರುತ್ತದೆ. ಅದರ ಎಳೆಯ ತುದಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ಎಂಟು ಹತ್ತು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಒಂದು ಎಳೆ ಕಡಿದರೆ ಇನ್ನೊಂದು ಗೂಡಿನ ತುದಿ ಹಿಡಿದು ತಕ್ಷಣ ಸೇರಿಸಬೇಕು. ದಿನಕ್ಕೆ ಹತ್ತು ಗಂಟೆ ಕೈ ಆ ನೀರಿನಲ್ಲೇ. ಅಕ್ಕನ ಬೆರಳ ತುದಿ ಬೆಳ್ಳಗೆ ಊದಿಕೊಂಡು, ಉಗುರಿನ ಸಂದಿಯಲ್ಲಿ ಬಿರುಕು ಬಿಟ್ಟಿತ್ತು. ರಾತ್ರಿ ಉಪ್ಪುಸಾರಿಗೆ ಕೈ ಹಾಕಿದರೆ ಉರಿಯುತ್ತದೆ ಅಂತ ಮುದ್ದೆಯನ್ನು ಎಡಗೈಯಲ್ಲಿ ಮುರಿದು ತಿನ್ನುತ್ತಿದ್ದರು. ಎಡಗೈ ಸ್ವಲ್ಪ ಪರವಾಗಿಲ್ಲವಂತೆ.

ಸಾಲ ಶುರುವಾದದ್ದು 40,000 ರೂಪಾಯಿಯಿಂದ, ಅತ್ತೆಯ ಆಪರೇಷನ್‌ಗೆ ಅಂತ. ಇಲ್ಲಿ ಅದನ್ನು ಸಾಲ ಅನ್ನುವುದಿಲ್ಲ, ಅಡ್ವಾನ್ಸ್ ಅನ್ನುತ್ತಾರೆ. ಆ ಪದದಲ್ಲೇ ಇದೆ ಎಲ್ಲ ಮೋಸ. ಅಡ್ವಾನ್ಸ್ ಅಂದರೆ ಮುಂದೆ ಮಾಡುವ ಕೆಲಸಕ್ಕೆ ಕೊಟ್ಟ ದುಡ್ಡು, ಅದನ್ನು ತೀರಿಸುವವರೆಗೂ ನಿನ್ನ ಕೈ ನನ್ನದು ಅಂತ ಅರ್ಥ. ವಾರದ ಕೂಲಿಯಲ್ಲಿ ಒಂದಿಷ್ಟು ಹಿಡಿದುಕೊಳ್ಳುತ್ತಾರೆ, ಜ್ವರ ಬಂದು ಎರಡು ದಿನ ಹೋಗದಿದ್ದರೆ ಅದೂ ಸೇರುತ್ತದೆ, ಹಬ್ಬಕ್ಕೆ ಕೇಳಿದ 2,000 ಅದೂ ಸೇರುತ್ತದೆ. ಗಂಡ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಅಂತ ಹೋದವರು ಬರಲಿಲ್ಲ. ಮಾಲೀಕರ ನೋಟ್‌ಬುಕ್ಕಿನಲ್ಲಿ ಅಕ್ಕನ ಹೆಸರಿನ ಮುಂದೆ ಇದ್ದ ಅಂಕಿ ಮೂರು ವರ್ಷ ದುಡಿದ ಮೇಲೆ 40,000ಕ್ಕಿಂತ ಜಾಸ್ತಿಯೇ ಆಗಿತ್ತು.

ಮಾಲೀಕರು ರಾಕ್ಷಸರು ಅಂತ ನಾನು ಹೇಳುತ್ತಿಲ್ಲ. ಗೂಡಿನ ಬೆಲೆ ಒಂದು ವಾರ ಏರಿ ಇನ್ನೊಂದು ವಾರ ಬೀಳುವಾಗ ಎಷ್ಟೋ ಸಣ್ಣ ರೀಲರುಗಳು ಬಡ್ಡಿ ಸಾಲದಲ್ಲೇ ಮುಳುಗಿರುತ್ತಾರೆ. ಆದರೆ ಕಾನೂನು ಅದನ್ನು ಕೇಳುವುದಿಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದರ ಪ್ರಕಾರ ಜೀತಕ್ಕೆ ಕಟ್ಟಿಹಾಕುವ ಸಾಲ ಸಾಲವೇ ಅಲ್ಲ. ಅಲ್ಲಿಗೇ ಅಳಿಸಿಹೋಯಿತು.

ಇದನ್ನು ನಾನು ಅಕ್ಕನಿಗೆ ಜೋರಾಗಿ, ಭಾಷಣದ ಹಾಗೆ ಹೇಳಿದ್ದೆ. ಅವರು ತಲೆಯಾಡಿಸಿದರು. ಒಪ್ಪಿದರು ಅಂದುಕೊಂಡೆ.

ಮೊದಲ ಸಲ ನಾವು ಮಾಡಿದ್ದೆಲ್ಲ ತಪ್ಪು. ಅಕ್ಕ ಒಂದು ರಾತ್ರಿ ಮಗಳ ಜೊತೆ ಬಂದರು, ನಾವು ಕೋಣೆ ಕೊಟ್ಟೆವು, ಅಷ್ಟೇ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಲಿಲ್ಲ. ಬಿಡುಗಡೆ ಪತ್ರ ಅಂತ ಒಂದಿದೆ, ಅದಿಲ್ಲದಿದ್ದರೆ ಸರ್ಕಾರದ ಕಣ್ಣಿಗೆ ಈ ಹೆಂಗಸು ಜೀತದಲ್ಲಿ ಇರಲೇ ಇಲ್ಲ ಅನ್ನುವುದು ನಮಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಮಗಳನ್ನು ದೂರದ ಊರಿನ ಒಂದು ಹಾಸ್ಟೆಲ್‌ಗೆ ಸೇರಿಸಿಬಿಟ್ಟೆವು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸದೆ. ಅದು ಕಾನೂನಿನ ಪ್ರಕಾರವೂ ತಪ್ಪು. ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಅನ್ನುವ ಅಮಲು ಇದೆಯಲ್ಲ, ಅದು ಕಾಗದ ಪತ್ರ ಓದಲು ಬಿಡುವುದಿಲ್ಲ.

ಇನ್ನು ಹೊಲಿಗೆ ಮೆಷಿನ್. ಹೆಂಗಸರಿಗೆ ಸಹಾಯ ಅಂದ ತಕ್ಷಣ ಎಲ್ಲರಿಗೂ ಹೊಲಿಗೆ ಮೆಷಿನ್ ಯಾಕೆ ನೆನಪಾಗುತ್ತದೋ ಗೊತ್ತಿಲ್ಲ. ದಾನಿಯೊಬ್ಬರು ಮೂರು ಕಳಿಸಿದರು, ಫೋಟೋ ಕೇಳಿದರು, ಕಳಿಸಿದೆವು. ಕುದಿನೀರಿನಲ್ಲಿ ಕಾಣದ ಎಳೆ ಹಿಡಿಯುತ್ತಿದ್ದ ಅಕ್ಕನಿಗೆ ಆ ಬಿರಿದ ಬೆರಳಲ್ಲಿ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಮೆಷಿನ್ ಮೇಲೆ ಒದ್ದೆ ಬಟ್ಟೆ ಒಣಹಾಕುತ್ತಿದ್ದರು.

ಅವರು ಹೋದ ಮೇಲೆ ಒಂದು ವಾರ ನನಗೆ ಸಿಟ್ಟು. ಆಮೇಲೆ ಒಂದು ಸಂಜೆ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ಯಾಕೆ ಅಕ್ಕಾ ಅಂದೆ.

"ನಾನು ಆ ಮನುಷ್ಯನ ಮುಂದೆ ಕೈ ಚಾಚಿ ದುಡ್ಡು ಇಸ್ಕೊಂಡಿದ್ದೀನಿ ಮೇಡಂ. ತೀರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ. ನೀವು ಅಳಿಸಿಹೋಯ್ತು ಅಂದ್ರೆ ಅಳಿಸಿಹೋಗುತ್ತಾ? ನಾಳೆ ಊರಲ್ಲಿ ಯಾರು ನನ್ನ ನಂಬ್ತಾರೆ?"

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು. "ಮಗು ಪಕ್ಕದಲ್ಲಿಲ್ಲದೆ ನಿದ್ದೆ ಬರ್ತಿರಲಿಲ್ಲ."

ಮುಂದಿನ ತಿಂಗಳು ಮಗಳನ್ನೂ ಕರೆಸಿಕೊಂಡರು. 2020ರಲ್ಲಿ ಲಾಕ್‌ಡೌನ್ ಬಂತು, ಶೆಡ್ಡು ಮುಚ್ಚಿತು, ಅಡ್ವಾನ್ಸ್ ಬೆಳೆಯಿತು. ಶಾಲೆ ಮುಚ್ಚಿದಾಗ ಮಗಳೂ ಅಮ್ಮನ ಜೊತೆ ಶೆಡ್ಡಿಗೆ ಹೋಗತೊಡಗಿದಳು. ಶಾಲೆ ತೆರೆದ ಮೇಲೂ ಅವಳು ತರಗತಿಗೆ ಬರಲಿಲ್ಲ.

ಆ ಮೂರ್ನಾಲ್ಕು ವರ್ಷ ನಾನು ಕಾನೂನು ಕಲಿತೆ. ಬೈಬಲ್ಲಿನಲ್ಲಿ ನೆಹೆಮೀಯನ ಐದನೇ ಅಧ್ಯಾಯವನ್ನೂ ಬೇರೆ ಥರ ಓದಿದೆ. ಬರದಲ್ಲಿ ಕಾಳಿಗಾಗಿ ಹೊಲ ಒತ್ತೆ ಇಟ್ಟು, ಕೊನೆಗೆ ಹೆಣ್ಣುಮಕ್ಕಳನ್ನು ದಾಸ್ಯಕ್ಕೆ ಕೊಟ್ಟ ಜನ ಅಲ್ಲಿ ಗೋಳಾಡುತ್ತಾರೆ. ನೆಹೆಮೀಯ ಅವರಿಗೆ ಸಮಾಧಾನ ಹೇಳುವುದಿಲ್ಲ. ಸಾಲ ಕೊಟ್ಟವರನ್ನು ಸಭೆ ಕರೆದು, ಎಲ್ಲರ ಎದುರಿಗೆ ಬಿಟ್ಟುಕೊಡಿ ಅನ್ನುತ್ತಾನೆ. ಎಲ್ಲರ ಎದುರಿಗೆ ಅನ್ನುವುದು ನನಗೆ ಮುಖ್ಯ ಅನ್ನಿಸಿತು. ನಾವು ಅಕ್ಕನನ್ನು ಕದ್ದು ತಂದಿದ್ದೆವು. ಹಾಗಾಗಿ ಅವರು ಕಳ್ಳರ ಹಾಗೆ ಬದುಕಬೇಕಾಯಿತು.

ಎರಡನೇ ಸಲ, 2023ರಲ್ಲಿ, ಅವರೇ ಬಂದರು. ಮಗಳ ಅಂಗೈ ತೋರಿಸಿದರು. ಏನೂ ಮಾತಾಡಲಿಲ್ಲ.

ಈ ಸಲ ಕೋಣೆಯ ಬಾಗಿಲು ತೆರೆಯುವ ಮೊದಲು ಅರ್ಜಿ ಬರೆದೆವು. ಮಗುವಿನ ವಿಷಯಕ್ಕೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್. ಇಪ್ಪತ್ನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಆಮೇಲೆ ಅಧಿಕಾರಿಯ ಮುಂದೆ ಅಕ್ಕನ ಹೇಳಿಕೆ.

ಈ ಹೇಳಿಕೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಈ ಕೆಲಸಕ್ಕೆ ಹೊಸದಾಗಿ ಬಂದವರು ಎಡವುವುದು ಇಲ್ಲೇ. ಕೂಡಿ ಹಾಕಿದ್ದರಾ, ಹೊಡೆದರಾ ಅಂತ ಕೇಳಿದರೆ ನಮ್ಮ ಹೆಂಗಸರು ಇಲ್ಲ ಅನ್ನುತ್ತಾರೆ. ಅದು ನಿಜವೇ. ಸಂಜೆ ಮನೆಗೆ ಹೋಗುತ್ತಿದ್ದರು, ದೀಪಾವಳಿಗೆ ಸೀರೆಯೂ ಕೊಟ್ಟಿದ್ದರು. ಆದರೆ ಜೀತ ಅನ್ನಲು ಬೀಗವೇ ಬೇಕಿಲ್ಲ. ಸಾಲದ ಕಾರಣಕ್ಕೆ ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಇಲ್ಲದಿದ್ದರೂ ಜೀತ, ಆ ಸಾಲಕ್ಕೆ ದುಡಿಯುವಾಗ ಕನಿಷ್ಠ ಕೂಲಿ ಸಿಗದಿದ್ದರೂ ಜೀತ. 1982ರಲ್ಲಿ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಟ್ಟಡ ಕೂಲಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟು ಕೂಡ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಬಲವಂತದ ದುಡಿಮೆಯೇ ಅಂದಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಪಕ್ಕದ ಶೆಡ್ಡಿನಲ್ಲಿ ಐವತ್ತು ರೂಪಾಯಿ ಜಾಸ್ತಿ ಕೊಡುತ್ತಾರೆ ಅಂದರೆ ನೀವು ಹೋಗಬಹುದಿತ್ತಾ?

ಅಕ್ಕ ನಕ್ಕರು. "ಹೋಗಬಹುದು ಸಾರ್. ಅವರು ಇವರಿಗೆ ನನ್ನ ಅಡ್ವಾನ್ಸ್ ಕಟ್ಟಿ ಬಿಡಿಸ್ಕೊಂಡ್ರೆ."

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿ ನೋಡಿದರು. ಆಮೇಲೆ ಜಾಸ್ತಿ ಪ್ರಶ್ನೆ ಬರಲಿಲ್ಲ. ಇದು ಜೀತದ ಸಾಲವಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವರದ್ದೇ ಅಂತಲೂ ಕಾಯ್ದೆಯಲ್ಲಿದೆ. ಮಾಲೀಕರು ನೋಟ್‌ಬುಕ್ ಇಲ್ಲ ಅಂದರು, ಆಮೇಲೆ ಸಿಕ್ಕಿತು.

ಬಿಡುಗಡೆ ಪತ್ರ ಬಂತು. ತಕ್ಷಣದ ನೆರವು ಅಂತ 30,000 ರೂಪಾಯಿವರೆಗೆ ಇದೆ. ಹೆಂಗಸರಿಗೆ, ಮಕ್ಕಳಿಗೆ ಒಟ್ಟು ಪುನರ್ವಸತಿ 2 ಲಕ್ಷದವರೆಗೆ, ಆದರೆ ಅದರ ದೊಡ್ಡ ಪಾಲು ಕೇಸಿನ ತೀರ್ಪಿಗೆ ಅಂಟಿಕೊಂಡಿದೆ. ಕೇಸು ಇನ್ನೂ ನಡೆಯುತ್ತಿದೆ. ಕೈಗೆ ಬರದ ಆ ದುಡ್ಡಿನ ಆಸೆ ಹುಟ್ಟಿಸಬೇಡಿ. ನಾನು ಒಂದು ಸಲ ಹುಟ್ಟಿಸಿ ಬೈಸಿಕೊಂಡಿದ್ದೇನೆ.

ನಿಜವಾಗಿ ಕಾಪಾಡಿದ್ದು ಸಣ್ಣ ಸಣ್ಣವು. ರೇಷನ್ ಕಾರ್ಡಿನಲ್ಲಿ ಅಕ್ಕನನ್ನು ಮನೆಯ ಯಜಮಾನಿ ಮಾಡಿಸಿದೆವು, ಗೃಹಲಕ್ಷ್ಮಿಯ 2,000 ಅವರ ಖಾತೆಗೇ ಬರತೊಡಗಿತು. ಆ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಕಚೇರಿಗೆ, ಕೋರ್ಟಿಗೆ ಓಡಾಡಲು ಬಸ್ ಚಾರ್ಜಿನ ಚಿಂತೆ ಹೋಯಿತು. ಅದಕ್ಕೆ ಮುಂಚೆ ಒಂದು ವಾಯಿದೆ ಅಂದರೆ ಒಂದು ದಿನದ ಕೂಲಿ ಜೊತೆಗೆ ಚಾರ್ಜು. ಎಷ್ಟೋ ಕೇಸು ಸತ್ತಿದ್ದು ಬಸ್ ಚಾರ್ಜಿಗೇ. ಮಗಳನ್ನು ಎಲ್ಲೂ ಕಳಿಸಲಿಲ್ಲ, ಅಮ್ಮನ ಜೊತೆಗೇ ಇಟ್ಟು, ಸರ್ಕಾರದ ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4,000 ಮಂಜೂರು ಮಾಡಿಸಿದೆವು. ಹಾಸ್ಟೆಲ್‌ಗೆ ಖರ್ಚು ಮಾಡುವುದಕ್ಕಿಂತ ಇದು ಸಾವಿರ ಪಾಲು ಮೇಲು. ನಮ್ಮ ಹಿರಿಯರಲ್ಲಿ ಕೆಲವರು ಇದನ್ನು ಈಗಲೂ ಒಪ್ಪುವುದಿಲ್ಲ. ಅನಾಥಾಲಯ ಅಂದರೆ ಅವರಿಗೆ ಒಂದು ಮಮತೆ.

ಸಭೆಯಲ್ಲಿ ಇನ್ನೊಂದು ಜಗಳವೂ ಆಯಿತು. ಬಿಡುಗಡೆಯಾಗಿ ಬಂದವರ ಜೊತೆ ಪ್ರಾರ್ಥನೆ ಮಾಡಬೇಕೋ ಬೇಡವೋ ಅಂತ. ನನ್ನ ನಿಯಮ ಹಳೆಯದು: ಕಾಗದ ಪತ್ರ ಮುಗಿಯುವವರೆಗೆ ಬೈಬಲ್ ಇಲ್ಲ, ಪ್ರಾರ್ಥನೆ ಇಲ್ಲ, ಭಾನುವಾರ ಬನ್ನಿ ಅನ್ನುವಂತಿಲ್ಲ. 2022ರಲ್ಲಿ ಮತಾಂತರ ತಡೆಯುವ ಕಾನೂನು ಬಂದ ಮೇಲೆ ಭಯಕ್ಕೆ ಹೀಗೆ ಮಾಡುತ್ತಿದ್ದೇನೆ ಅಂತ ಒಬ್ಬರು ಅಂದರು. ಅಲ್ಲ. ಅಡ್ವಾನ್ಸ್ ತೆಗೆದುಕೊಂಡು ಕೈ ಕಟ್ಟಿಸಿಕೊಂಡವರನ್ನು ಬಿಡಿಸಿ, ನಾವು ಅಕ್ಕಿ ಕೊಟ್ಟು ಇನ್ನೊಂದು ಋಣ ಹೊರಿಸಿದರೆ ಏನು ವ್ಯತ್ಯಾಸ? ನಮ್ಮ ಪಾಸ್ಟರ್ ಎರಡು ತಿಂಗಳು ಮುಖ ಊದಿಸಿಕೊಂಡಿದ್ದರು. ಆಮೇಲೆ ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ನಾಟಿ ಕೋಳಿಯನ್ನು ಕೂಗಿ ಕೂಗಿ 3,000ಕ್ಕೆ ಏರಿಸಿ, ಆ ವರ್ಷದ ಹರಾಜಿನ ದುಡ್ಡನ್ನೆಲ್ಲ ಹಸುವಿಗೆ ಅಂತ ಕೊಟ್ಟವರೂ ಅವರೇ.

ಹೌದು, ಹಸು. ಏನು ಬೇಕು ಅಂತ ಈ ಸಲ ಕೇಳಿದ್ದೆವು. "ಬಿಸಿನೀರಿಲ್ಲದ ಕೆಲಸ" ಅಂದರು ಅಕ್ಕ. ನೆರವಿನ 30,000, ಹರಾಜಿನ ದುಡ್ಡು, ಸ್ತ್ರೀಶಕ್ತಿ ಸಂಘದ ಸಾಲ ಸೇರಿಸಿ ಒಂದು ಎಚ್‌ಎಫ್ ತಳಿಯ ಹಸು ಬಂತು. ಡೈರಿ ದುಡ್ಡು ಖಾತೆಗೆ ಬೀಳುತ್ತದೆ, ಯಾರ ನೋಟ್‌ಬುಕ್ಕೂ ಇಲ್ಲ. ಬೆರಳಿನ ಬಿರುಕು ಮುಚ್ಚಲು ಆರು ತಿಂಗಳು ಹಿಡಿಯಿತು. ಮೇಡಂ ಹೋಗಿ ಅಕ್ಕಾ ಆಗಿದ್ದೂ ಆಗಲೇ. ಅವರು ನನಗೆ ಅಕ್ಕ, ನಾನು ಅವರಿಗೆ ಅಕ್ಕ.

ಒಂದು ವಿಷಯ ಮಾತ್ರ ನನಗೆ ತಡವಾಗಿ ಗೊತ್ತಾಯಿತು. ಅಟ್ಟದ ಮೇಲೆ ಒಂದು ಹಾರ್ಲಿಕ್ಸ್ ಡಬ್ಬಿ. ಪ್ರತಿ ತಿಂಗಳು ಅದಕ್ಕೆ 500 ರೂಪಾಯಿ ಹಾಕುತ್ತಿದ್ದರು. ಯಾಕೆ ಅಂದರೆ ಹೇಳಲಿಲ್ಲ, ಮಗಳು ಹೇಳಿದಳು: ಹಳೇ ಮಾಲೀಕರಿಗೆ. ನನಗೆ ತಲೆ ಕೆಟ್ಟಿತು. ಅಳಿಸಿಹೋದ ಸಾಲಕ್ಕೆ ಅವರು ದುಡ್ಡು ತೆಗೆದುಕೊಂಡರೆ ಅದೇ ಅಪರಾಧ, ಮೂರು ವರ್ಷದವರೆಗೆ ಜೈಲು ಅಂತ ಮತ್ತೆ ಭಾಷಣ ಮಾಡಿದೆ.

"ಅವರು ತಗೊಂಡ್ರೆ ತಪ್ಪು ಅಂತೀರ. ನಾನು ಎತ್ತಿಟ್ರೆ ಏನು ತಪ್ಪು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ಮನಾದೆ. ಅಂಥ ಕಡೆ ಸುಮ್ಮನಿರುವುದನ್ನು ಕಲಿಯಲು ನನಗೆ ಅಷ್ಟು ವರ್ಷ ಬೇಕಾಯಿತು.

ಹಸು ಕರು ಹಾಕಿದ ವಾರ ನೋಡಲು ಹೋದೆ. ಹೆಣ್ಣು ಕರು. ಬಾಗಿಲ ಪಕ್ಕ ಹೊಸ ಹಿಂಡಿ ಮೂಟೆ ಎರಡು. ಇಷ್ಟೊಂದು ದುಡ್ಡು ಎಲ್ಲಿತ್ತು ಅಂದೆ. ಅಕ್ಕ ಸೆಗಣಿ ಬಾಚುತ್ತಾ ಏನೋ ಅಂದರು, ಕೇಳಿಸಲಿಲ್ಲ. ಎಸ್‌ಎಸ್‌ಎಲ್‌ಸಿಗೆ ಓದುತ್ತಾ ಕೂತಿದ್ದ ಮಗಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಹಾರ್ಲಿಕ್ಸ್ ಡಬ್ಬಿ ಅಟ್ಟದಿಂದ ಇಳಿದು ಗೋದಲಿಯ ಪಕ್ಕ ಕೂತಿತ್ತು. ಅದರ ತುಂಬಾ ಡೈರಿಯಿಂದ ತಂದ ಮಿನರಲ್ ಮಿಕ್ಸ್ಚರ್.