ಯೂಸುಫರ ಅಂಗಿ ಮತ್ತು ನನ್ನ ‘ಹೊಂದಿಸಿ ಬರೆಯಿರಿ’

ಬೆಂಗಳೂರಿನ ಟ್ಯಾನರಿ ರಸ್ತೆಯಿಂದ ಒಳಗೆ ಹೋದರೆ ಒಂದು ಗಲ್ಲಿ. ಅಲ್ಲಿನ ಮಸೀದಿಯ ಮೇಲಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನದ ಜುಹರ್ ನಮಾಜ್ ಆದ ಮೇಲೆ ನಾನು ಮಕ್ಕಳಿಗೆ ದೀನಿನ, ಅಂದರೆ ಧರ್ಮದ, ಪಾಠ ಮಾಡುತ್ತೇನೆ. ವಾರವೆಲ್ಲ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮನೆಯಲ್ಲಿ ಮಾತು ದಖ್ಖನಿ ಉರ್ದು. ಆದರೆ ಈಗಿನ ಮಕ್ಕಳಿಗೆ ಉರ್ದು ಓದಲು ಬರುವುದು ಅಷ್ಟಕ್ಕಷ್ಟೇ. ಹಾಗಾಗಿ ಪಾಠ ಕನ್ನಡದಲ್ಲೇ.

ಪ್ರವಾದಿಗಳ ಪಾಠವನ್ನು ಮೊದಲ ವರ್ಷ ಹೇಗೆ ಮಾಡಿದೆ ಗೊತ್ತಾ? ‘ಹೊಂದಿಸಿ ಬರೆಯಿರಿ.’ ಬೋರ್ಡಿನ ಎಡಕ್ಕೆ ಪ್ರವಾದಿಗಳು: ಮೂಸಾ, ದಾವೂದ್, ಈಸಾ, ಮುಹಮ್ಮದ್. ಬಲಕ್ಕೆ ಅವರಿಗೆ ಇಳಿದ ಗ್ರಂಥಗಳು: ಇಂಜೀಲ್, ತೌರಾತ್, ಕುರ್‌ಆನ್, ಜಬೂರ್. ಗೆರೆ ಎಳೆಯಿರಿ, ನಾಲ್ಕು ಅಂಕ. ಮರುವರ್ಷ ಕನ್ನಡ ಬೈಬಲಿನ ಹೆಸರುಗಳನ್ನೂ ಸೇರಿಸಿದೆ: ನೂಹ್ ಅಂದರೆ ನೋಹ, ಮೂಸಾ ಅಂದರೆ ಮೋಶೆ, ಯೂನುಸ್ ಅಂದರೆ ಯೋನ, ಯೂಸುಫ್ ಅಂದರೆ ಯೋಸೇಫ, ಈಸಾ ಅಂದರೆ ಯೇಸು, ಇಂಜೀಲ್ ಅಂದರೆ ಬೈಬಲ್. ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿರುವ ಪ್ರವಾದಿಗಳು 25. ಹೆಚ್ಚಿನವರು ಬೈಬಲಿನಲ್ಲೂ ಸಿಗುತ್ತಾರೆ. ಅತಿ ಹೆಚ್ಚು ಸಲ ಬರುವ ಹೆಸರು ಮೂಸಾ ಅವರದು, ನೂರಕ್ಕೂ ಜಾಸ್ತಿ. ‘ಮುಹಮ್ಮದ್’ ಎಂಬ ಹೆಸರು ಬರುವುದು ನಾಲ್ಕೇ ಸಲ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ನನಗೂ ಸಲೀಸಾಯಿತು.

ಅದನ್ನು ಕೆಡಿಸಿದವನು ಏಳನೇ ಕ್ಲಾಸಿನ ಒಬ್ಬ ಹುಡುಗ. ಅವನ ಬೆಂಚಿನ ಗೆಳೆಯ ಚರ್ಚಿಗೆ ಹೋಗುವ ಮನೆಯವನು, ಯೋಸೇಫನ ಕತೆ ಹೇಳಿದ್ದನಂತೆ. ಹೊಟ್ಟೆಕಿಚ್ಚಿನ ಅಣ್ಣಂದಿರು ತಮ್ಮನನ್ನು ದೂರ ಮಾಡಿ, ರಕ್ತ ಬಳಿದ ಅಂಗಿಯನ್ನು ಅಪ್ಪನಿಗೆ ತೋರಿಸಿ, ಕಾಡುಮೃಗ ತಿಂದಿತು ಎಂದು ನಂಬಿಸಲು ನೋಡುವ ಕತೆ. “ಸರ್, ಅವರ ಕತೆಯಲ್ಲಿ ಅಪ್ಪ ನಂಬಿಬಿಡ್ತಾನೆ. ನಮ್ಮಲ್ಲಿ ನಂಬಲ್ಲ. ಯಾವುದು ಸರಿ?” ನನಗೆ ಏನೂ ಹೊಳೆಯಲಿಲ್ಲ. “ಅವರ ಪುಸ್ತಕ ಬದಲಾಗಿದೆ ಕಣೋ” ಎಂದು ಕೈ ತೊಳೆದುಕೊಂಡೆ. ಅವನು ಅದನ್ನು ಹಾಗೇ ಹೋಗಿ ಗೆಳೆಯನಿಗೆ ಹೇಳಿದ. ಇಬ್ಬರೂ ಎರಡು ವಾರ ಮಾತು ಬಿಟ್ಟರು. ತಪ್ಪು ನನ್ನದೇ. ಬೈಬಲ್ ನಾನು ಓದಿರಲೇ ಇಲ್ಲ. ಸುಮ್ನೆ ಹೆಸರು ಹೊಂದಿಸಿದ್ದೆ.

ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಗೆ ಹೋಗಿ ಕನ್ನಡ ಬೈಬಲ್ ತಂದೆ. ಮೊದಲು ಕುರ್‌ಆನಿನ ಒಂದು ವಚನ, ಆಮೇಲೆ ಬೈಬಲಿನ ಒಂದು ವಚನ, ಹೀಗೆ ಪಕ್ಕಪಕ್ಕ ಇಟ್ಟು ಓದಿದೆ. ಪರೀಕ್ಷೆ ಪೇಪರ್ ತಿದ್ದಿದ ಹಾಗಾಯಿತು. ಬಿಟ್ಟೆ. ಒಂದು ಕತೆಯನ್ನು ಒಂದು ಪುಸ್ತಕದಲ್ಲಿ ಪೂರ್ತಿ ಓದಿ, ಒಂದು ರಾತ್ರಿ ಬಿಟ್ಟು, ಇನ್ನೊಂದರಲ್ಲಿ ಪೂರ್ತಿ ಓದಲು ಶುರು ಮಾಡಿದೆ. ಆಗ ಕಣ್ಣು ತೆರೆಯಿತು.

ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಯೋಸೇಫನ ಕತೆ 37ನೇ ಅಧ್ಯಾಯಕ್ಕೆ ಶುರುವಾಗಿ 50ರವರೆಗೆ ಹೋಗುತ್ತದೆ. ನಡುವೆ ಬೇರೆ ವಿಷಯವೂ ಬರುತ್ತದೆ. ಅಣ್ಣತಮ್ಮಂದಿರ ಹೆಸರು, ಊರು, ಲೆಕ್ಕ, ಎಲ್ಲ ಇದೆ. ಕುರ್‌ಆನಿನ 12ನೇ ಸೂರಾ (ಅಧ್ಯಾಯ) ಯೂಸುಫ್ 111 ವಚನ. ಒಂದೇ ಉಸಿರಿನ ಕತೆ. ಅಣ್ಣಂದಿರಲ್ಲಿ ಒಬ್ಬನ ಹೆಸರೂ ಇಲ್ಲ. ಕೇಳುವವರಿಗೆ ಕತೆಯ ಮೈಕಟ್ಟು ಗೊತ್ತು ಎಂದು ಇಟ್ಟುಕೊಂಡೇ ಹೇಳಿದ ಹಾಗಿದೆ. ಬೇಕಾದ ಕಡೆ ಮಾತ್ರ ನಿಲ್ಲುತ್ತದೆ.

ಒಂದು ಭಾನುವಾರ ಮನೆಯಿಂದ ನನ್ನದೊಂದು ಹಳೇ ಬಿಳಿ ಅಂಗಿ ಒಯ್ದೆ. ಪ್ರವಾದಿಗಳ ಪಾತ್ರ ಮಾಡಿಸುವುದು ನಮ್ಮಲ್ಲಿ ಸಲ್ಲದು, ಅಂಗಿ ತೋರಿಸಬಹುದಲ್ವಾ? ಅದರ ಮೇಲೆ ಪೇಪರ್ ತಿದ್ದುವ ಕೆಂಪು ಇಂಕು ಚೆಲ್ಲಿದೆ. “ತೋಳ ತಿಂದುಬಿಟ್ಟಿತು, ಇದೇ ಸಾಕ್ಷಿ. ನಂಬುತ್ತೀರಾ?” ಒಂದು ಹುಡುಗಿ ಅಂಗಿ ಎತ್ತಿ ತೋಳು, ಕಾಲರು, ಗುಂಡಿ ಎಲ್ಲ ತಿರುಗಿಸಿ ನೋಡಿದಳು. “ಸರ್, ಎಲ್ಲೂ ಹರಿದೇ ಇಲ್ಲ. ತೋಳ ಅಂಗಿ ಬಿಚ್ಚಿಟ್ಟು ತಿಂತಾ?” ಹಳೇ ವ್ಯಾಖ್ಯಾನಕಾರರು ಯೂಸುಫರ ತಂದೆ ಯಾಕೂಬರ ಅನುಮಾನಕ್ಕೆ ಕೊಡುವ ಕಾರಣವೂ ಇದೇ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆದಿಕಾಂಡದಲ್ಲಿ ತಂದೆ ರಕ್ತದ ನಿಲುವಂಗಿ ನೋಡಿ ನಂಬುತ್ತಾನೆ, ತನ್ನ ಬಟ್ಟೆ ಹರಿದುಕೊಂಡು ಅಳುತ್ತಾನೆ. ಮೋಸ ಹೋದ ಒಬ್ಬ ಅಪ್ಪನ ಕರುಳು ಅಲ್ಲಿದೆ. ನಿಜ ಹೇಳುತ್ತೇನೆ, ನನಗೂ ಕಣ್ಣು ತುಂಬಿತು. ಕುರ್‌ಆನಿನಲ್ಲಿ ಯಾಕೂಬರು ಪ್ರವಾದಿ. ಇದು ನಿಮ್ಮ ಮನಸ್ಸು ಕಟ್ಟಿದ ಕತೆ ಎಂದು ಮಕ್ಕಳಿಗೆ ಹೇಳಿ ‘ಸಬ್ರುನ್ ಜಮೀಲ್’, ಚೆಂದದ ತಾಳ್ಮೆ, ಎಂದು ಕೂರುತ್ತಾರೆ. ಅಂಗಿ ಅಲ್ಲಿಗೆ ಬಿಡುವುದಿಲ್ಲ. ಇನ್ನೊಂದು ಅಂಗಿ, ಮನೆಯೊಡತಿ ಆರೋಪ ಹೊರಿಸಿದಾಗ, ಹಿಂದಿನಿಂದ ಹರಿದು ಯೂಸುಫರ ತಪ್ಪಿಲ್ಲ ಎಂದು ತೋರಿಸುತ್ತದೆ. ಮತ್ತೊಂದು, ಅತ್ತು ಅತ್ತು ಕುರುಡಾದ ತಂದೆಯ ಮುಖದ ಮೇಲೆ ಬಿದ್ದು ದೃಷ್ಟಿ ತರುತ್ತದೆ. ಇದು ಮಕ್ಕಾದಲ್ಲಿ ಇಳಿದ ಸೂರಾ. ಪ್ರವಾದಿ ಮುಹಮ್ಮದರನ್ನು ಸ್ವಂತ ಕುಲದವರೇ ದೂರ ತಳ್ಳುತ್ತಿದ್ದ ಕಾಲ. ಯಾರಿಗೆ, ಯಾಕೆ ಹೇಳಿದ ಕತೆ ಎಂಬುದು ನೆನಪಿದ್ದರೆ ಎಲ್ಲಿ ಒತ್ತು ಬಿದ್ದಿದೆ ಎಂದು ತಿಳಿಯುತ್ತದೆ.

ಹಾಗಾದರೆ ‘ಬದಲಾಗಿದೆ’ ಎಂಬ ಮಾತು? ನಮ್ಮ ಮಕ್ಕಳು ಬಾಯಿಪಾಠ ಮಾಡುವ ನಂಬಿಕೆಯ ಮಾತುಗಳಾದ ಈಮಾನೆ ಮುಫಸ್ಸಲ್‌ನಲ್ಲಿ ‘ವ ಕುತುಬಿಹಿ ವ ರುಸುಲಿಹಿ’ ಎಂದು ಬರುತ್ತದೆ. ಅವನ ಗ್ರಂಥಗಳನ್ನು, ಅವನ ದೂತರನ್ನು ನಂಬುತ್ತೇನೆ ಎಂದು. ಗಳು, ರು! ಬಹುವಚನ ಎರಡಕ್ಕೂ. ಮೂಸಾರನ್ನೋ ಈಸಾರನ್ನೋ ಒಪ್ಪುವುದಿಲ್ಲ ಎಂದವನು ಮುಸ್ಲಿಮನೇ ಅಲ್ಲ. ಐದನೇ ಸೂರಾದ 48ನೇ ವಚನ ಕುರ್‌ಆನಿಗೆ ಎರಡು ಕೆಲಸ ಹೇಳುತ್ತದೆ. ಒಂದು ‘ಮುಸದ್ದಿಕ್’, ಹಿಂದಿನದನ್ನು ನಿಜವೆಂದು ಹೇಳುವುದು. ಇನ್ನೊಂದು ‘ಮುಹೈಮಿನ್’. ಈ ಪದಕ್ಕೆ ಕನ್ನಡ ಹುಡುಕಿ ಸಾಕಾಯಿತು. ಕಾವಲು ಅಂದರೆ ಕಡಿಮೆಯಾಯಿತು, ಒಡೆತನ ಅಂದರೆ ಜಾಸ್ತಿಯಾಯಿತು. ಕೊನೆಗೆ ‘ಉಸ್ತುವಾರಿ’ ಎಂದೆ. ಇರುವುದನ್ನು ಕಾಯುವುದು, ಜೊತೆಗೆ ಯಾವುದು ಸರಿ ಎಂದು ನೋಡುವುದು.

ಆ ‘ಬದಲಾವಣೆ’ಗೆ ತಹ್ರೀಫ್ ಎನ್ನುತ್ತಾರೆ. ಅದರಲ್ಲೂ ಉಲಮಾಗಳಿಗೆ, ಅಂದರೆ ಧರ್ಮದ ವಿದ್ವಾಂಸರಿಗೆ, ಒಂದೇ ಮಾತಿಲ್ಲ. ಇಬ್ನ್ ಹಜ್ಮ್ ಅಂಥವರು ಅಕ್ಷರವೇ ಬದಲಾಗಿದೆ ಎಂದು ವಾದಿಸಿದರು. ಬದಲಾಗಿದ್ದು ಮುಖ್ಯವಾಗಿ ಅರ್ಥ ಎಂದವರೂ ಇದ್ದಾರೆ. ನನಗೆ ಕ್ಲಾಸಿನಲ್ಲಿ ಕೆಲಸಕ್ಕೆ ಬಂದದ್ದು ಬುಖಾರಿ ಸಂಗ್ರಹದಲ್ಲಿರುವ ಒಂದು ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ಮಾತು. ಗ್ರಂಥದವರು (ಯಹೂದಿಗಳು, ಕ್ರೈಸ್ತರು) ಹೇಳುವುದನ್ನು ನಿಜ ಎನ್ನಬೇಡಿ, ಸುಳ್ಳು ಎಂದೂ ಎನ್ನಬೇಡಿ. ನಮಗೆ ಇಳಿದದ್ದನ್ನೂ ನಿಮಗೆ ಇಳಿದದ್ದನ್ನೂ ನಂಬಿದ್ದೇವೆ ಎನ್ನಿ ಎಂದು. ಆ ಹುಡುಗನಿಗೆ ನಾನು ಹೇಳಬೇಕಿದ್ದದ್ದು ಇದನ್ನೇ.

ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಗಣಿತದ ಟೀಚರ್ ಪ್ರತಿ ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸಂತ ಮೇರಿ ಬಸಿಲಿಕಾದ ತೇರಿಗೆ ಹೋಗುವವರು. ಅವರಿಗೆ ಸೂರಾ ಮರ್ಯಮ್, ಅಂದರೆ ಯೇಸುವಿನ ತಾಯಿ ಮೇರಿಯ ಹೆಸರಿನ ಅಧ್ಯಾಯ, ಓದಿ ಹೇಳಿದೆ. ಕುರ್‌ಆನಿನಲ್ಲಿ ಹೆಸರಿರುವ ಹೆಂಗಸು ಮರ್ಯಮ್ ಒಬ್ಬರೇ ಎಂದಾಗ ಅವರಿಗೆ ಆಶ್ಚರ್ಯ. “ಯೇಸು ಹುಟ್ಟುವಾಗ ನಿಮ್ಮಲ್ಲಿ ಖರ್ಜೂರದ ಮರ, ನಮ್ಮಲ್ಲಿ ಗೋದಲಿ” ಎಂದರು. ನನ್ನ ಒಂದು ತಪ್ಪನ್ನೂ ತಿದ್ದಿದರು. ಇಂಜೀಲ್ ಎಂದರೆ ಈಸಾರಿಗೆ ಇಳಿದ ಗ್ರಂಥ ಎಂದು ನಾವು ನಂಬುತ್ತೇವೆ. ಅವರ ಲೆಕ್ಕದಲ್ಲಿ ಯೇಸುವಿನ ಕೈಗೆ ಪುಸ್ತಕ ಬಂದೇ ಇಲ್ಲ. ಮತ್ತಾಯ, ಮಾರ್ಕ, ಲೂಕ, ಯೋಹಾನ ಆಮೇಲೆ ಬರೆದ ನಾಲ್ಕು ಸುವಾರ್ತೆಗಳು ಯೇಸುವಿನ ಬಗ್ಗೆ ಹೇಳುವ ಸಾಕ್ಷಿ. ಅಂದರೆ ‘ಇಂಜೀಲ್ ಅಂದ್ರೆ ಬೈಬಲ್’ ಎಂದು ನಾನು ಎಳೆಸಿದ್ದ ಗೆರೆಯೇ ಸೊಟ್ಟ! ಶಿಲುಬೆಯ ವಿಷಯಕ್ಕೆ ಬಂದಾಗ, ಯೇಸುವನ್ನು ಶಿಲುಬೆಗೇರಿಸಿದರು ಎಂದು ಅವರು, ಇಲ್ಲ ಎಂದು ನಾನು, ಇಬ್ಬರೂ ಒಪ್ಪಲಿಲ್ಲ. ಟೀ ತರಿಸಿಕೊಂಡೆವು. ಎಲ್ಲ ಒಂದೇ ಎಂದು ಮುಗಿಸುವುದು ನನಗೆ ಈಗ ಇಷ್ಟವಾಗುವುದಿಲ್ಲ. ಅದು ಅವರ ನಂಬಿಕೆಗೂ ನನ್ನ ನಂಬಿಕೆಗೂ ಮಾಡುವ ಅಸಡ್ಡೆ.

ಹೋದ ತಿಂಗಳು ಬಂದ ಪ್ರಶ್ನೆ ಇನ್ನೂ ದೊಡ್ಡದು. ಪ್ರತಿ ದೂತನನ್ನೂ ಅವನ ಜನರ ಭಾಷೆಯಲ್ಲೇ ಕಳಿಸಿದೆವು ಎನ್ನುವ 14ನೇ ಸೂರಾದ ವಚನ ಓದುತ್ತಿದ್ದೆ. “ಹಾಗಿದ್ರೆ ಕನ್ನಡದಲ್ಲಿ ಮಾತಾಡೋ ಪ್ರವಾದಿ ಬಂದಿದ್ರಾ ಸರ್?” ಎಂದು ಒಂದು ಹುಡುಗಿ ಕೇಳಿದಳು. ಎಲ್ಲ ಸಮುದಾಯಕ್ಕೂ ದೂತ ಬಂದಿದ್ದಾನೆ, ಕೆಲವರ ಕತೆ ನಿನಗೆ ಹೇಳಿದ್ದೇವೆ, ಕೆಲವರದು ಹೇಳಿಲ್ಲ ಎಂದು ಕುರ್‌ಆನ್ ಹೇಳುತ್ತದೆ. ಈ ನೆಲಕ್ಕೂ ಬಂದಿರಬಹುದು, ಹೆಸರು ಹಿಡಿದು ಇವರೇ ಎನ್ನುವಂತಿಲ್ಲ, ಅಲ್ಲ ಎನ್ನುವಂತೆಯೂ ಇಲ್ಲ ಎಂದೆ. ಹುಡುಗಿಗೆ ಸಮಾಧಾನ ಆಗಲಿಲ್ಲ. ನೋಟ್‌ಬುಕ್ಕಿನಲ್ಲಿ 26 ಎಂದು ಬರೆದು, ಮುಂದೆ ಖಾಲಿ ಗೆರೆ ಎಳೆದುಕೊಂಡಳು.

ಅಂಗಿಯ ಕೆಂಪು ಇಂಕು ಎರಡು ಸಲ ಒಗೆದರೂ ಹೋಗಲಿಲ್ಲ. ಹೆಂಡತಿ ಬೈದು ನೆಲ ಒರೆಸಲು ಇಟ್ಟುಕೊಂಡಿದ್ದಳು. ವಾಪಸ್ ತೆಗೆದುಕೊಂಡೆ, ಮುಂದಿನ ಬ್ಯಾಚಿಗೆ ಬೇಕಲ್ಲ.