ಎಕ್ಸ್‌ಡಿಪಿ ಎಂಜಿನ್ ಕಲಬುರಗಿ ಬಿಸಿಲಿಗೂ ನಿಂತಿತು: ನನ್ನ ಅನುಭವ

"ಈ ಫ್ರೆಂಚ್ ಎಂಜಿನ್ ನಮ್ಮ ಬಿಸಿಲಿಗಿ ತಡಿಯಂಗಿಲ್ರಿ. ತೆಗೆದು ಒಗೀರಿ, ಡಿಐ ಹಾಕ್ಸ್ರಿ." ನನ್ನ ಹಳೇ ಜೀಪಿನ ಎಕ್ಸ್‌ಡಿಪಿ ಎಂಜಿನ್ ನೋಡಿ ಕಲಬುರಗಿಯಲ್ಲಿ ಮೂರು ಗ್ಯಾರೇಜಿನವರು ಮೂರು ಸಲ ಇದೇ ಮಾತು ಹೇಳಿದರು. ಡಿಐ ಅಂದರೆ ಮಹೀಂದ್ರದವರ ಡೈರೆಕ್ಟ್ ಇಂಜೆಕ್ಷನ್ ಡೀಸೆಲ್ ಎಂಜಿನ್. ಮನೆಯಲ್ಲಿ ನಮ್ಮ ಕಾಕಾನೂ ಅದನ್ನೇ ಹೇಳಿದರು. ಕಳೆದ ಮೇ ತಿಂಗಳಲ್ಲಿ ಅದೇ ಎಂಜಿನ್ ಮೇಲೆ, ಅದೇ ಕಾಕಾ ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬೀದರ್‌ಗೆ ಹೋಗಿ ಸಂಜೆಗೆ ಮನೆ ಮುಟ್ಟಿದೆ. ಹೊರಗೆ 43 ಡಿಗ್ರಿ. ಟೆಂಪರೇಚರ್ ಮುಳ್ಳು ಅರ್ಧದ ಗೆರೆ ದಾಟಲಿಲ್ಲ. ಅದಕ್ಕೇ ಈಗ ಬರೆಯಲು ಧೈರ್ಯ ಬಂದಿದೆ.

ಗಾಡಿ ಮಹೀಂದ್ರ ಎಂಎಂ 540, 91ರ ಮಾಡೆಲ್. ಒಳಗಿರುವುದು ಫ್ರೆಂಚ್ ಕಂಪನಿ ಪ್ಯೂಜೋದ ಎಕ್ಸ್‌ಡಿಪಿ 4.90, 2112 ಸಿಸಿ. ಸೇಡಂ ಕಡೆಯ ಒಬ್ಬ ರೈತರ ಕಣದಲ್ಲಿ ಐದಾರು ವರ್ಷ ನಿಂತಿತ್ತು, ಸೀಟಿನ ತುಂಬ ತೊಗರಿ ಹೊಟ್ಟು. ಒಂದು ಲಕ್ಷದ ಹತ್ತು ಸಾವಿರಕ್ಕೆ ಮಾತಾಯಿತು. ಕಾಗದಪತ್ರ ಸರಿ ಇದ್ದವು, ಎಂಜಿನ್ ನಂಬರ್ ಆರ್‌ಸಿಯಲ್ಲಿರುವುದೇ. ಡಿಐ ಹಾಕಿಸಿದ್ದರೆ ಒಂದೂವರೆ ಲಕ್ಷದ ಮೇಲೆ ಖರ್ಚು, ಜೊತೆಗೆ ಆರ್‌ಟಿಒದಲ್ಲಿ ಎಂಜಿನ್ ಬದಲಾವಣೆ ಬರೆಸುವ ಓಡಾಟ. ದುಡ್ಡಿನ ಮಾತು ಹಾಗಿರಲಿ, ನನಗೆ ಈ ಎಂಜಿನ್ನಿನ ಮೆತ್ತನೆಯ ದನಿ ಇಷ್ಟ. ಡಿಐ ಹಾಕಿದ ಜೀಪಿನಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ.

ಎಂಜಿನ್ ಪೂರ್ತಿ ಬಿಚ್ಚಿ ಸರಿಮಾಡಲು ಮೊದಲ ಸಲ ಊರಲ್ಲೇ ಒಬ್ಬರಿಗೆ ಒಪ್ಪಿಸಿದೆ. ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಪಿಸ್ಟನ್ ಕಿಟ್, ಬೇರಿಂಗ್, ಗ್ಯಾಸ್ಕೆಟ್ ಸೆಟ್, ಲೇತ್ ಕೂಲಿ, ಮಜೂರಿ ಎಲ್ಲ ಸೇರಿ ನಲವತ್ತೈದು ಸಾವಿರ. ಎಂಜಿನ್ನಿನ ಒಡಲಾದ ಬ್ಲಾಕ್ ಬರಿದಾಗಿ ಕೂತಿದ್ದ ದಿನ ನಾನು ಅಲ್ಲಿರಲಿಲ್ಲ. ನನ್ನ ದೊಡ್ಡ ತಪ್ಪು ಅದೇ. ಹುಮನಾಬಾದ್ ದಾರಿಯಲ್ಲಿ, ಕಿಣ್ಣಿ ಸಡಕ್ ದಾಟುವಷ್ಟರಲ್ಲಿ ಮುಳ್ಳು ಕೆಂಪಿಗೆ ಹೋಯಿತು, ಬ್ಲಾಕಿಗೂ ಅದರ ಮೇಲೆ ಕೂಡುವ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ ಹಾರಿತು. ಓಡಿದ್ದು ಮುನ್ನೂರು ಕಿಲೋಮೀಟರೂ ಇಲ್ಲ.

ಎರಡನೇ ಸಲ ಹೆಡ್ ಫೇಸಿಂಗ್, ಅಂದರೆ ಹೆಡ್ಡಿನ ತಳ ಸಮ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿಸಿದೆ, ಹನ್ನೆರಡು ಸಾವಿರ. ಫೇಸಿಂಗ್ ಮಾಡಿದ ವರ್ಕ್‌ಶಾಪಿನವರು ಹೆಡ್ಡಿನೊಳಗಿನ, ಡೀಸೆಲ್ ಉರಿಯುವ ಚೇಂಬರ್ ಬಟ್ಟಲುಗಳನ್ನು ಹೊರಗೆ ತೆಗೆಯದೆ, ಅವೂ ಸೇರಿಯೇ ಸವರಿಬಿಟ್ಟಿದ್ದರು. ಸ್ಟಾರ್ಟ್ ಆಯಿತು, ಓಡಿತು, ನಾನೂರು ಕಿಲೋಮೀಟರ್ ಆಗುವಷ್ಟರಲ್ಲಿ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣ, ಅಂದರೆ ನೀರು ಸೇರಿತ್ತು. ಆ ರಾತ್ರಿ ಊಟ ಸೇರಲಿಲ್ಲ.

ಮೂರನೇ ಸಲ ಗ್ಯಾರೇಜಿಗೆ ಕೊಡಲಿಲ್ಲ. ಜೀಪಿನ ಕೆಲಸದಲ್ಲೇ ತಲೆ ಹಣ್ಣಾದ, ಈಗ ಮನೆಯಲ್ಲೇ ಇರುವ ಒಬ್ಬ ಉಸ್ತಾದರನ್ನು ಒಪ್ಪಿಸಿ ಕರೆತಂದೆ. ಮನೆ ಹಿಂದಿನ ಬೇವಿನ ಗಿಡಕ್ಕೆ ಚೈನ್ ಬ್ಲಾಕ್ ಕಟ್ಟಿ ಎಂಜಿನ್ ಎತ್ತಿದೆವು. ದಿನಕ್ಕೆ ಎಂಟುನೂರು, ಮಧ್ಯಾಹ್ನ ರೊಟ್ಟಿ ನಮ್ಮ ಮನೆಯಲ್ಲೇ.

ನಾಲ್ಕೂ ಲೈನರ್ ಎಳೆದ ಮೇಲೆ ಉಸ್ತಾದರು ನಾಲ್ಕನೇ ಸಿಲಿಂಡರಿನ ಹಿಂದೆ, ಗೇರ್‌ಬಾಕ್ಸ್ ಕಡೆಯ ಮೂಲೆಗೆ ಬೆರಳು ಹಾಕಿದರು. ಬೆರಳು ಹೋಗಲಿಲ್ಲ. "ಇಲ್ಲಿ ನೀರು ಓಡಂಗಿಲ್ಲಪ್ಪಾ, ಇಲ್ಲಿ ಗ್ವಾಡಿ ಕಟ್ಟ್ಯಾದ" ಅಂದರು. ಸಣ್ಣ ಉಳಿ ಇಟ್ಟು ಹಗುರಾಗಿ ಬಡಿದರೆ ಅಂಗೈಯಗಲದ ಒಂದು ಹಕ್ಕಳೆ ಎದ್ದು ಬಂತು. ಒಂದು ಮೈ ಲೈನರಿನ ದುಂಡಗೆ ನುಣುಪು, ಇನ್ನೊಂದು ಮೈಯಲ್ಲಿ ಬ್ಲಾಕಿನ ಎರಕದ ಒರಟು ಹಾಗೇ ಅಚ್ಚೊತ್ತಿತ್ತು. ಅಂಚು ನೋಡಿದರೆ ಶಹಾಬಾದ ಕಲ್ಲಿನ ಹಾಗೆ ಪದರ ಪದರ. ಆಗಲೇ ನನಗೆ ಎಲ್ಲ ತಿಳಿದುಹೋಯಿತು. ಸೇಡಂ ಕಡೆ ನೆಲದಡಿ ಇರುವುದೇ ಸುಣ್ಣಕಲ್ಲು, ಬೋರಿನ ನೀರು ಅದರಲ್ಲೇ ನೆನೆದು ಮೇಲೆ ಬರುತ್ತದೆ. ವರ್ಷಗಟ್ಟಲೆ ರೇಡಿಯೇಟರಿಗೆ ಆ ನೀರನ್ನೇ ಸುರಿದಿದ್ದಾರೆ. ನೀರು ಕಾಯಿಸುವ ಹಂಡೆಯ ತಳ ಹೇಗಾಗುತ್ತದೋ ಬ್ಲಾಕಿನ ಒಳಗೂ ಹಾಗೇ ಆಗಿತ್ತು. ಬಿಸಿಲಿನ ತಪ್ಪೂ ಇಲ್ಲ, ಫ್ರೆಂಚರ ತಪ್ಪೂ ಇಲ್ಲ.

ಲೈನರಿನ ಹೊರಮೈಗೆ ನೀರು ನೇರವಾಗಿ ತಾಗುವ ವೆಟ್ ಲೈನರ್ ಎಂಜಿನ್ನಿನ ಪುಣ್ಯ ಏನೆಂದರೆ ಲೈನರ್ ತೆಗೆದರೆ ನೀರಿನ ಜಾಗವೆಲ್ಲ ಕೈಗೆ ಸಿಗುತ್ತದೆ. ಎರಡು ದಿನ ಉಳಿ, ತಂತಿ ಬ್ರಷ್, ಮುರಿದ ಹ್ಯಾಕ್ಸಾ ಬ್ಲೇಡ್ ಹಿಡಿದು ಕೆರೆದೆವು. ಬ್ಲಾಕಿನ ಪಕ್ಕದ ತೂತು ಮುಚ್ಚಿರುವ ಬಿಲ್ಲೆಗಳನ್ನೂ ಕಿತ್ತು ಅಲ್ಲಿಂದಲೂ ಕೆರೆದೆವು. ಬಂದ ಪುಡಿ ತೂಗಲಿಲ್ಲ, ಕೈ ಅಂದಾಜಿನಲ್ಲಿ ಎರಡು, ಎರಡೂವರೆ ಕಿಲೋ. ಕೈಗೆ ಸಿಗದ್ದಕ್ಕೆ ಒಂದು ಹುಳಿ ದ್ರಾವಣ ತುಂಬಿ ರಾತ್ರಿಯಿಡೀ ಬಿಟ್ಟೆ. ಯಾವ ಹುಳಿ, ನೀರಿಗೆ ಎಷ್ಟು, ಅದು ನನ್ನ ಹತ್ತಿರವೇ ಇರಲಿ. ಇಷ್ಟು ಹೇಳುತ್ತೇನೆ: ಅಲ್ಯೂಮಿನಿಯಂ ಭಾಗ ಒಂದೂ ಅದರ ಹತ್ತಿರ ಬರಬಾರದು, ಆಮೇಲೆ ಸೋಡಾ ನೀರಿನಿಂದ ತೊಳೆಯದೆ ಬಿಡಬಾರದು.

ಆಯಿಲಿಗೆ ನೀರು ಸೇರಿದ್ದರ ಮೂಲವೂ ಅಲ್ಲೇ ಸಿಕ್ಕಿತು. ಲೈನರ್ ಕೂಡುವ ಕೆಳಗಿನ ಸೀಟಿನ ಮೇಲೂ ಅದೇ ಸುಣ್ಣ, ಅದರ ಮೇಲೇ ಹೊಸ ಲೈನರ್ ಇಟ್ಟಿದ್ದರು. ಬ್ಲಾಕಿನ ಮೇಲ್ಮೈಗಿಂತ ಲೈನರ್ ಕೂದಲೆಳೆಯಷ್ಟು ಎದ್ದಿರಬೇಕು, ನಾಲ್ಕೂ ಒಂದೇ ಸಮ ಇರಬೇಕು. ಲೇತಿನವರ ಹತ್ತಿರ ಸೂಕ್ಷ್ಮ ಅಳತೆಯ ಡಯಲ್ ಗೇಜ್ ಎರಡು ದಿನದ ಕಡ ತಂದು ಅಳೆದೆ. ಮೂರನೇ ಲೈನರಿಗೂ ನಾಲ್ಕನೆಯದಕ್ಕೂ ನಡುವೆ ಒಂದು ಮಿಲಿಮೀಟರಿನ ನೂರು ಭಾಗದಲ್ಲಿ ಏಳೋ ಎಂಟೋ ಭಾಗ ವ್ಯತ್ಯಾಸ. ಗ್ಯಾಸ್ಕೆಟ್ ಹೇಗೆ ಹಿಡಿದೀತು? ಸೀಟನ್ನು ಲೋಹ ಮಿಂಚುವವರೆಗೆ ಉಜ್ಜಿ, ಸೀಲ್ ಹಾಕದೆ ಬರೀ ಲೈನರ್ ಕೂಡಿಸಿ ಅಳೆದೆ. ಒಂದರದು ಇನ್ನೊಂದರಲ್ಲಿ ಹಾಕಿ ಅಳೆದೆ, ಕಾಲು ಸುತ್ತು ತಿರುಗಿಸಿ ಮತ್ತೆ ಅಳೆದೆ. ಹಳೇ ನೋಟ್‌ಬುಕ್ಕಿನ ಎರಡು ಪುಟ ತುಂಬಿದವು. ಕೊನೆಗೆ ಸಿಕ್ಕ ಜೋಡಣೆಯಲ್ಲಿ ವ್ಯತ್ಯಾಸ ಎರಡು ಭಾಗಕ್ಕೆ ಇಳಿಯಿತು. ಹೊಸ ಸಾಮಾನು ಒಂದೂ ಕೊಳ್ಳಲಿಲ್ಲ. ಉಸ್ತಾದರು ಅವತ್ತು ನನ್ನ ಬೆನ್ನು ತಟ್ಟಿದರು, ಅವರು ಸುಮ್ಮನೆ ತಟ್ಟುವವರಲ್ಲ.

ಹೆಡ್ಡನ್ನು ಸೋಲಾಪುರಕ್ಕೆ ಒಯ್ದು ಚೇಂಬರ್ ತೆಗೆಸಿ, ಸೀಟು ಆಳ ಮಾಡಿಸಿ, ಪ್ರೆಶರ್ ಟೆಸ್ಟ್ ಮಾಡಿಸಿದೆ. ಡೀಸೆಲ್ ಪಂಪು, ನೋಝಲ್ ಕೆಲಸ ಕಲಬುರಗಿಯಲ್ಲೇ, ಹೀಟರ್ ಪ್ಲಗ್ ನಾಲ್ಕೂ ಹೊಸವು. ಮೂರನೇ ಸಲದ ಒಟ್ಟು ಖರ್ಚು ಇಪ್ಪತ್ತಾರು ಸಾವಿರದ ಆಸುಪಾಸು.

ನಮ್ಮಲ್ಲಿ ಎಲ್ಲರೂ ಮಾಡುವ ಇನ್ನೊಂದು ಕೆಲಸವಿದೆ: ಗಾಡಿ ಕಾಯುತ್ತದೆ ಅಂತ ಎಂಜಿನ್ ನೀರು ಬಿಸಿಯಾಗುವವರೆಗೆ ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಒಗೆಯುವುದು. ನನ್ನದರಲ್ಲೂ ಇರಲಿಲ್ಲ. ಹೊಸದು ಹಾಕಿದೆ, ಏರಿನಲ್ಲಿ ಮುಳ್ಳು ಇನ್ನಷ್ಟು ಇಳಿಯಿತು. ಫ್ಯಾನಿನ ಸುತ್ತ ತಗಡಿನ ಬಳೆಯೂ ಇರಲಿಲ್ಲ, ಹಳೇ ಎಣ್ಣೆ ಡಬ್ಬಿ ಕತ್ತರಿಸಿ ನಾನೇ ಮಾಡಿದೆ. ಕಾರಿನ ಕರೆಂಟ್ ಫ್ಯಾನ್ ಕೂಡ ಹಾಕಿ ನೋಡಿದೆ, ಬ್ಯಾಟರಿ ತಿಂದಿತೇ ಹೊರತು ಉಪಯೋಗ ಕಾಣಲಿಲ್ಲ, ತೆಗೆದೆ. ಈಗ ಊರ ಆರ್‌ಒ ಘಟಕದ ನೀರು ಅರ್ಧ, ಕೂಲಂಟ್ ಅರ್ಧ. ಬೋರಿನ ನೀರು ಒಂದು ಲೋಟವೂ ಇಲ್ಲ.

ಎಂಜಿನ್ ಒಂದು ಹದಕ್ಕೆ ಬಂದ ಮೇಲೆ ಒಂದು ಆಸೆ ತೀರಿಸಿಕೊಂಡೆ. ಕಾಕಾ ಮನೆಯಲ್ಲಿ ಗಾಣದ ಕುಸುಬೆ ಎಣ್ಣೆ ಐದು ಲೀಟರ್ ಕಮಟು ಹಿಡಿದು ಕೂತಿತ್ತು. ಬಟ್ಟೆಯಲ್ಲಿ ನಾಲ್ಕು ಸಲ ಸೋಸಿ, ಹತ್ತು ಲೀಟರ್ ಡೀಸೆಲಿಗೆ ಒಂದು ಲೀಟರಿನಂತೆ ಬೆರೆಸಿದೆ. ಓಡಿತು, ಓಟದಲ್ಲಿ ಫರಕು ಗೊತ್ತಾಗಲಿಲ್ಲ, ಹೊಗೆ ಮಾತ್ರ ಮಿರ್ಚಿ ಭಜಿ ಬಂಡಿಯ ವಾಸನೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಫಿಲ್ಟರ್ ಕಟ್ಟಿತು. ಒಳ್ಳೆಯ ಕುಸುಬೆ ಎಣ್ಣೆ ಡೀಸೆಲಿಗಿಂತ ತುಟ್ಟಿ ಆದ್ದರಿಂದ ಮುಂದುವರಿಸಲಿಲ್ಲ.

ಗೇರ್‌ಬಾಕ್ಸ್ ನನ್ನನ್ನು ಎಂಜಿನ್ನಿಗಿಂತ ಹೆಚ್ಚು ದಿನ ಕಾಡಿತು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಮೂರನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯುತ್ತಿತ್ತು. ಚಿಂಚೋಳಿ ಕಾಡಿನೊಳಗೆ, ಚಂದ್ರಂಪಳ್ಳಿ ಡ್ಯಾಮಿನ ಕಡೆ ಇಳಿಯುವಾಗ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಲಿವರ್ ಒತ್ತಿ ಹಿಡಿದೇ ಇಳಿದಿದ್ದೆ. ಸೋಲಾಪುರದ ಗುಜರಿಯಲ್ಲಿ ಒಂಬತ್ತು ಸಾವಿರ ಕೊಟ್ಟು ಹಳೇ ಗೇರ್ ಸೆಟ್ ತಂದು ಹಾಕಿಸಿದರೂ ಹಾಗೇ ಜಿಗಿಯಿತು. ಆ ದುಡ್ಡು ನೀರಲ್ಲಿ ಹೋಯಿತು. ಲಿವರಿನ ಕೆಳಗಿನ ಗುಂಡು, ಸ್ಪ್ರಿಂಗ್, ಫೋರ್ಕ್ ಬದಲಿಸಿದಾಗ ಸ್ವಲ್ಪ ಕಮ್ಮಿಯಾಯಿತು, ನಿಲ್ಲಲಿಲ್ಲ.

ಕೊನೆಗೆ ಎಂಜಿನ್ನಿನ ಕ್ರ್ಯಾಂಕಿನ ತುದಿಯ ಪೈಲಟ್ ಬುಷ್ ನೋಡಿದೆ. ಗೇರ್‌ಬಾಕ್ಸಿನ ಟಾಪ್ ಶಾಫ್ಟಿನ ಮೂತಿ ಅದರಲ್ಲಿ ಗಡಿಗೆಯೊಳಗಿನ ಸೌಟಿನಂತೆ ಆಡುತ್ತಿತ್ತು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಮುಖದ ಮೇಲೆ ಹಳೇ ಸೀಲಂಟ್ ಗಟ್ಟಿಯಾಗಿ ಒಂದು ಕಡೆ ಎತ್ತರ. ಬಾಕ್ಸ್ ಎಂಜಿನ್ನಿಗೆ ಓರೆಯಾಗಿ ಕೂತಿದ್ದರೆ ಒಳಗೆ ಎಂಥ ಹೊಸ ಗೇರ್ ಹಾಕಿದರೂ ಜಿಗಿಯುತ್ತದೆ. ಮುಖಗಳನ್ನು ಕೆರೆದು, ಬುಷ್ ಹೊಸದು ತಿರುಗಿಸಿ ಹಾಕಿ, ಡಯಲ್ ಗೇಜನ್ನು ಫ್ಲೈವೀಲಿಗೆ ಕಟ್ಟಿ ಹೌಸಿಂಗಿನ ತೂತಿನ ಸುತ್ತ ಒಂದು ಸುತ್ತು ತಿರುಗಿಸಿ ನಡು ಹಿಡಿದೆ. ನಡು ತಪ್ಪಿದ್ದನ್ನು ಸರಿಪಡಿಸಲು ಹೌಸಿಂಗನ್ನು ನೆಲೆಗೆ ಹಿಡಿಯುವ ಡೋವೆಲ್ ಪಿನ್ನಿಗೆ ಮಾಡಿದ ಉಪಾಯ ಉಸ್ತಾದರದು, ಅವರನ್ನು ಕೇಳದೆ ನಾನು ಬರೆಯಲಾರೆ. ಟಾಪ್ ಶಾಫ್ಟ್, ಮೇನ್ ಶಾಫ್ಟ್ ಬೇರಿಂಗ್ ಹೊಸವು, ಗೇರ್ ಸರಾಗ ಬೀಳಿಸುವ ಹಿತ್ತಾಳೆ ಕೋನ್ ಎರಡು. ಆಯಿಲ್ ಜಿಎಲ್-4 ದರ್ಜೆಯದೇ ಹುಡುಕಿ ಹಾಕಿದೆ, ಅಂಗಡಿಯವರು ಕೊಡುವ ಜಿಎಲ್-5 ಹಿತ್ತಾಳೆ ಕೋನಿಗೆ ಒಗ್ಗುವುದಿಲ್ಲ. ಮುಂದಿನ ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ನಡುವಿನ ಶಾಫ್ಟ್ ತೂತುಬಿದ್ದ ಹಲ್ಲಿನಂತಾಗಿತ್ತು, ಅದನ್ನೂ ನೀಡಲ್ ಬೇರಿಂಗುಗಳನ್ನೂ ಬದಲಿಸಿದೆ. ಇದಕ್ಕೆಲ್ಲ ಹದಿನಾಲ್ಕು ಸಾವಿರ.

ಎಂಜಿನ್ನು, ಗೇರ್‌ಬಾಕ್ಸು, ಕಳೆದುಕೊಂಡದ್ದೂ ಸೇರಿ ಒಂದು ಲಕ್ಷ ದಾಟಿ ಐದಾರು ಸಾವಿರ. ಕಳೆದುಕೊಳ್ಳದಿದ್ದರೆ ಅರವತ್ತರೊಳಗೆ ಮುಗಿಯುತ್ತಿತ್ತು. ಈಗ ಹನ್ನೊಂದು ಸಾವಿರ ಕಿಲೋಮೀಟರ್ ಓಡಿದೆ, ಹೈವೇಯಲ್ಲಿ ಲೀಟರಿಗೆ ಹನ್ನೆರಡರ ಮೇಲೆ ಕೊಡುತ್ತದೆ, ಡಿಪ್‌ಸ್ಟಿಕ್ ಮೇಲೆ ಆಯಿಲ್ ಕಪ್ಪಗೆ ಶುದ್ಧ. ಬೀದರಿನಿಂದ ಬರುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲು ನಿಂತೆವು. ಕಾಕಾ ಇಳಿದು ಬಾನೆಟ್ ಮೇಲೆ ಅಂಗೈ ಇಟ್ಟು, ಒಂದು ಗಳಿಗೆ ಹಾಗೇ ನಿಂತು, "ಕೈ ಸುಡವಲ್ದಲ್ಲೋ" ಅಂದರು.

ಟ್ರಾನ್ಸ್‌ಫರ್ ಕೇಸಿನ ಮುಂದಿನ ಸೀಲಿನಿಂದ ರಾತ್ರಿಗೆ ಎರಡು ಮೂರು ಹನಿ ಇನ್ನೂ ಬೀಳುತ್ತಿದೆ. ಸೀಲ್ ಎರಡು ಸಲ ಬದಲಿಸಿಯಾಯಿತು, ಫ್ಲ್ಯಾಂಜಿನ ಮೇಲೆ ಗೀರು ಬಿದ್ದಿದೆ. ಮಳೆಗಾಲದಲ್ಲಿ ಅದನ್ನು ಬಿಚ್ಚಿ ಲೇತಿಗೆ ಒಯ್ಯಬೇಕು.