ಚಾಂಪಿಯನ್‌ಶಿಪ್ ಮ್ಯಾನೇಜರ್ 01/02: ಈಗಿನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳುವುದು, ಮೊದಲ ಸೀಸನ್ ದಾಟುವುದು

ಫುಟ್ಬಾಲ್ ಕ್ಲಬ್ಬಿನ ಮ್ಯಾನೇಜರ್ ಆಗಿ ಆಡುವ, 2001ರ ಅಕ್ಟೋಬರಿನಲ್ಲಿ ಬಂದ ಈ ಕಂಪ್ಯೂಟರ್ ಆಟದಲ್ಲಿ ಮೈದಾನವೇ ಕಾಣಿಸುವುದಿಲ್ಲ. ಇಡೀ ಪಂದ್ಯ ಪರದೆಯ ಮೇಲಿನ ಒಂದು ಪಟ್ಟಿಯಲ್ಲಿ, ಒಂದೊಂದೇ ಸಾಲಿನ ವೀಕ್ಷಕ ವಿವರಣೆಯಾಗಿ ನಡೆದುಹೋಗುತ್ತದೆ. ಆಟಗಾರರ ಓಡಾಟವನ್ನು ಮೇಲಿನಿಂದ ನೋಡುವ ಸೌಲಭ್ಯ ಈ ಸರಣಿಗೆ ಬಂದದ್ದು 2003ರ ಆವೃತ್ತಿಯಲ್ಲಿ. ಹಾಗಾಗಿ ಪಂದ್ಯ ಶುರುವಾದ ಮೇಲೆ ಮಾಡಬಹುದಾದ ರಿಪೇರಿ ಕಡಿಮೆ. ಯಾರನ್ನು ತಂದಿದ್ದೀರಿ, ಎಲ್ಲಿ ನಿಲ್ಲಿಸಿದ್ದೀರಿ ಎನ್ನುವುದರಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿಬಿಟ್ಟಿರುತ್ತದೆ. ಮಳೆ ಹಿಡಿದು ಮಂಗಳೂರಿನ ನೆಹರೂ ಮೈದಾನಕ್ಕೆ ಇಳಿಯಲಾಗದ ಸಂಜೆಗಳಿಗೆ ಇದಕ್ಕಿಂತ ಒಳ್ಳೆಯ ಫುಟ್ಬಾಲ್ ಕೆಲಸ ಇನ್ನೊಂದಿಲ್ಲ.

ಹಾಕಿಕೊಳ್ಳುವುದು

ಸ್ಪೋರ್ಟ್ಸ್ ಇಂಟರ್‌ಆಕ್ಟಿವ್ ತಯಾರಿಸಿ ಐಡೋಸ್ ಹೊರತಂದ ಈ ಆಟವನ್ನು 2008ರ ಡಿಸೆಂಬರಿನಲ್ಲಿ ಉಚಿತವಾಗಿ ಬಿಟ್ಟರು. ಮನೆಯಲ್ಲಿ ಹಳೆಯ ಸಿಡಿ ಇದ್ದರೂ ಅದನ್ನು ನಂಬಬೇಡಿ. ಮಂಗಳೂರು, ಉಡುಪಿಯ ತೇವಕ್ಕೆ ವರ್ಷಗಟ್ಟಲೆ ಕಪಾಟಿನಲ್ಲಿದ್ದ ಸಿಡಿಗೆ ಬೂಷ್ಟು ಹಿಡಿದಿರುತ್ತದೆ. ಅರ್ಧ ಇನ್‌ಸ್ಟಾಲ್ ಆಗಿ ಅಲ್ಲೇ ನಿಲ್ಲುವುದುಂಟು. ಐಎಸ್‌ಒ ಫೈಲ್, ಅಂದರೆ ಇಡೀ ಸಿಡಿಯ ನಕಲು ಇರುವ ಒಂದೇ ಫೈಲ್, ಸಾಕು. ವಿಂಡೋಸ್ 10 ಮತ್ತು 11ರಲ್ಲಿ ಅದರ ಮೇಲೆ ಎರಡು ಸಲ ಒತ್ತಿದರೆ ಡ್ರೈವ್ ಆಗಿ ತೆರೆದುಕೊಳ್ಳುತ್ತದೆ.

ಇನ್‌ಸ್ಟಾಲ್ ಮಾಡುವಾಗ ಜಾಗ ಕೇಳಿದರೆ ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ. ಸಿ ಡ್ರೈವಿನಲ್ಲೇ ನೇರವಾಗಿ ಒಂದು ಫೋಲ್ಡರ್ ಮಾಡಿ ಕೊಡಿ. ಕಾರಣ ಇದೆ: ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಹಳೆಯ ಆಟಗಳಿಗೆ ಅನುಮತಿ ಇಲ್ಲ, ಅದಕ್ಕೆ ವಿಂಡೋಸ್ ಆ ಫೈಲುಗಳನ್ನು ಸದ್ದಿಲ್ಲದೆ ಬೇರೆ ಅಡಗು ಫೋಲ್ಡರಿಗೆ ಸಾಗಿಸುತ್ತದೆ. ಒಂದು ದಿನ ಅಡ್ಮಿನಿಸ್ಟ್ರೇಟರ್ ಆಗಿ, ಇನ್ನೊಂದು ದಿನ ಹಾಗೆಯೇ ತೆರೆದರೆ ಸೇವ್ ಮಾಡಿದ ಆಟ ಕಾಣೆಯಾದಂತೆ ಅನಿಸುವುದು ಇದರಿಂದಲೇ.

ಅದಾದ ಮೇಲೆ 3.9.68 ಪ್ಯಾಚ್, ಅಂದರೆ ಆಟದ ತಪ್ಪುಗಳನ್ನು ತಿದ್ದುವ ಫೈಲ್, ಹಾಕಿ. ಇದೇ ಕೊನೆಯ ಅಧಿಕೃತ ಪ್ಯಾಚ್. ಪ್ಯಾಚ್ ಹಾಕದ ಮೂಲ ಆವೃತ್ತಿಯಲ್ಲಿ ಟೊ ಮಡೇರಾ ಎಂಬ ಪೋರ್ಚುಗೀಸ್ ಸ್ಟ್ರೈಕರ್ ಇದ್ದ. ನಿಜ ಜೀವನದಲ್ಲಿ ಅಂಥ ಆಟಗಾರನೇ ಇರಲಿಲ್ಲ, ಆಟದೊಳಗೆ ಮಾತ್ರ ಗೋಲಿನ ಮೇಲೆ ಗೋಲು. ಪ್ಯಾಚ್ ಅವನನ್ನು ತೆಗೆದುಹಾಕುತ್ತದೆ. ಹಳೆಯ ಪಟ್ಟಿಗಳಲ್ಲಿ ಆ ಹೆಸರು ಕಂಡು ಹುಡುಕುತ್ತಾ ಕೂರಬೇಡಿ.

ಇನ್ನು ಪರದೆ. ಆಟದ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಕಂಪ್ಯಾಟಿಬಿಲಿಟಿ. ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಆರಿಸಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವ ಗೆರೆಗೆ ಗುರುತು ಹಾಕಿ. ಬಣ್ಣಗಳು ಕಲಸಿಕೊಂಡು ಬಂದರೆ ಅಲ್ಲೇ ಇರುವ 16 ಬಿಟ್ ಬಣ್ಣದ ಆಯ್ಕೆಯನ್ನೂ ಒತ್ತಿ. ಆಟದ ಚಿತ್ರ 800 × 600ರದ್ದು. ಅಗಲ ಪರದೆಯಲ್ಲಿ ಎಳೆದಂತಾಗಿ ಅಕ್ಷರ ದಪ್ಪಗೆ ಕಾಣುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಅಗಲ-ಎತ್ತರದ ಅನುಪಾತ ಉಳಿಸುವ ಆಯ್ಕೆ ಹಾಕಿದರೆ ಎರಡೂ ಬದಿ ಕಪ್ಪು ಪಟ್ಟಿ ಬಂದು ಸರಿಯಾಗುತ್ತದೆ. ಇಷ್ಟಾದರೂ ಕಪ್ಪು ಪರದೆಯೇ ಬರುತ್ತಿದ್ದರೆ, ಅಥವಾ ಇನ್ನೊಂದು ಕಿಟಕಿಗೆ ಹೋಗಿ ಬಂದಾಗ ಆಟ ಹೆಪ್ಪುಗಟ್ಟಿದರೆ, ಸಿಎನ್‌ಸಿ-ಡಿಡ್ರಾ ಎಂಬ ಉಚಿತ ತಂತ್ರಾಂಶದ ಫೈಲುಗಳನ್ನು ಆಟದ ಫೋಲ್ಡರಿಗೆ ನಕಲು ಮಾಡಿ, ಅದರ ಸೆಟ್ಟಿಂಗಿನಲ್ಲಿ ಕಿಟಕಿಯೊಳಗೆ ಆಡುವಂತೆ ಬದಲಿಸಿ.

ಹೊಸ ಆಟ ಶುರು ಮಾಡುವಾಗ

ಒಟ್ಟು 26 ದೇಶಗಳ ಲೀಗ್‌ಗಳಿವೆ. ಭಾರತದ್ದು ಇಲ್ಲ. ಎಲ್ಲವನ್ನೂ ಆರಿಸುವ ಆಸೆ ಬೇಡ, ಒಂದೊಂದು ದಿನ ಮುಂದೆ ಹೋಗುವುದಕ್ಕೂ ಕಾಯಬೇಕಾಗುತ್ತದೆ. ನಾಲ್ಕೈದು ಸಾಕು. ಆದರೆ ಯಾವ ನಾಲ್ಕೈದು ಎನ್ನುವುದು ಮುಖ್ಯ, ಏಕೆಂದರೆ ಆರಿಸಿದ ದೇಶದ ಆಟಗಾರರೆಲ್ಲ ತುಂಬಿಕೊಳ್ಳುತ್ತಾರೆ, ಆರಿಸದ ದೇಶಗಳಿಂದ ಹೆಸರುವಾಸಿಗಳಷ್ಟೇ ಬರುತ್ತಾರೆ. ಇಂಗ್ಲೆಂಡಿನಲ್ಲಿ ಆಡುವವರು ಅದರ ಜೊತೆ ಸ್ಕಾಟ್‌ಲೆಂಡ್, ಸ್ವೀಡನ್, ನಾರ್ವೆ ಹಾಕಿ. ಡೇಟಾಬೇಸ್ ಗಾತ್ರ ಅತಿ ದೊಡ್ಡದಿರಲಿ. ಈಗಿನ ಯಂತ್ರಕ್ಕೆ ಅದು ಭಾರವಲ್ಲ.

ಆಟಗಾರನ ಪೇಸ್, ಪಾಸಿಂಗ್‌ನಂಥ ಗುಣಗಳಿಗೆ ಕೊಟ್ಟ ಅಂಕಗಳನ್ನು ಮುಚ್ಚಿಡುವ ಆಯ್ಕೆಯೊಂದಿದೆ. ಹಾಕಿದರೆ ಪರಿಚಯವಿಲ್ಲದ ಆಟಗಾರನ ಅಂಕಗಳು ಖಾಲಿಯಾಗಿ ಕಾಣುತ್ತವೆ, ಆಟಗಾರರನ್ನು ನೋಡಿ ಬರುವ ಸ್ಕೌಟ್‌ನನ್ನು ಕಳಿಸಿದ ಮೇಲೆಯೇ ತೆರೆದುಕೊಳ್ಳುತ್ತವೆ. ಮೊದಲ ಸಲ ಆಡುವವರು ಇದನ್ನು ತೆಗೆದೇ ಆಡಿ. ಯಾವ ಅಂಕ ಏನು ಮಾಡುತ್ತದೆಂದು ಕಲಿಯಬೇಕಾದ ಹೊತ್ತಿನಲ್ಲಿ ಅಂಕವನ್ನೇ ಮುಚ್ಚಿಟ್ಟರೆ ಕಲಿಕೆ ಆಗುವುದಿಲ್ಲ.

ಕ್ಲಬ್ ಯಾವುದು? ಮ್ಯಾಂಚೆಸ್ಟರ್ ಸಿಟಿ ಎನ್ನುವುದು ನಮ್ಮ ಸಲಹೆ. 2001ರಲ್ಲಿ ಅದು ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದು ಎರಡನೆಯ ದರ್ಜೆಯ ಡಿವಿಷನ್ ಒನ್‌ನಲ್ಲಿತ್ತು. ತಂಡ ಆ ದರ್ಜೆಗೆ ಬಲವಾದದ್ದು, ಆಡಳಿತ ಮಂಡಳಿ ಬಯಸುವುದೂ ಮೇಲೇರುವುದನ್ನೇ. 24 ತಂಡ, 46 ಪಂದ್ಯ, ಮೊದಲ ಎರಡು ಸ್ಥಾನಕ್ಕೆ ನೇರ ಬಡ್ತಿ, ಮೂರರಿಂದ ಆರನೆಯವರಿಗೆ ಪ್ಲೇಆಫ್. ಇದರ ಮೇಲೆ ಎರಡು ಕಪ್ ಪಂದ್ಯಾವಳಿ. ಹದಿನಾರು ಜನರ ತಂಡ ಇಟ್ಟುಕೊಂಡರೆ ಫೆಬ್ರವರಿಗೆ ಉಸಿರು ಹೋಗುತ್ತದೆ. ಪ್ರತಿ ಸ್ಥಾನಕ್ಕೂ ಇಬ್ಬರಿರಲಿ.

ಆಟಗಾರರನ್ನು ತರುವುದು

ಅಂಕಗಳು 1ರಿಂದ 20. ಅದರ ಹಿಂದೆ, ಪರದೆಯಲ್ಲಿ ಕಾಣದಂತೆ, ಈಗಿನ ಸಾಮರ್ಥ್ಯ ಮತ್ತು ಗರಿಷ್ಠ ಸಾಮರ್ಥ್ಯ ಎಂಬ ಎರಡು ಸಂಖ್ಯೆಗಳಿವೆ, 200ರವರೆಗೆ. ಕೆಲವು ಎಳೆಯರ ಗರಿಷ್ಠ ಸಾಮರ್ಥ್ಯವನ್ನು ಪ್ರತಿ ಹೊಸ ಆಟದಲ್ಲೂ ಕಂಪ್ಯೂಟರ್ ಹೊಸದಾಗಿ ನಿರ್ಧರಿಸುತ್ತದೆ. ಒಬ್ಬರ ಆಟದಲ್ಲಿ ಮಿಂಚಿದ ಹುಡುಗ ನಿಮ್ಮಲ್ಲಿ ಬೆಂಚಿನಲ್ಲೇ ಉಳಿದರೆ ಆಶ್ಚರ್ಯವಿಲ್ಲ.

ಸ್ಟ್ರೈಕರಿಗೆ ಫಿನಿಶಿಂಗ್ ಒಂದನ್ನೇ ನೋಡುವುದು ಸಾಮಾನ್ಯ ತಪ್ಪು. ಪೇಸ್, ಆಕ್ಸೆಲರೇಷನ್, ಆಫ್ ದಿ ಬಾಲ್ (ಚೆಂಡಿಲ್ಲದಾಗಿನ ಓಡಾಟ) ಮೂರೂ 15 ದಾಟಿದ್ದರೆ ಫಿನಿಶಿಂಗ್ 13 ಇದ್ದರೂ ಗೋಲು ಬರುತ್ತದೆ. ನಡು ರಕ್ಷಕನಿಗೆ ಟ್ಯಾಕ್ಲಿಂಗ್, ಪೊಸಿಷನಿಂಗ್, ಹೆಡಿಂಗ್, ಜಂಪಿಂಗ್. ಮಿಡ್‌ಫೀಲ್ಡರಿಗೆ ಪಾಸಿಂಗ್, ಕ್ರಿಯೇಟಿವಿಟಿ, ಜೊತೆಗೆ ಸ್ಟ್ಯಾಮಿನಾ ಮತ್ತು ವರ್ಕ್ ರೇಟ್. ಎಲ್ಲರಿಗೂ ಡಿಟರ್ಮಿನೇಷನ್; 8ಕ್ಕಿಂತ ಕೆಳಗಿದ್ದರೆ ಬಿಟ್ಟುಬಿಡಿ.

ಹೆಸರು ಬೇಕೆನ್ನುವವರಿಗೆ: ಆಟ ಶುರುವಾಗುವಾಗ ನೈಜೀರಿಯಾದ ರಕ್ಷಕ ಟರಿಬೋ ವೆಸ್ಟ್ ಯಾವ ಕ್ಲಬ್ಬಿಗೂ ಸೇರಿರುವುದಿಲ್ಲ, ವರ್ಗಾವಣೆ ಹಣವಿಲ್ಲದೆ ಸಿಗುತ್ತಾನೆ. ಮೊದಲ ದಿನವೇ ಕೇಳಿ, ತಡವಾದರೆ ಬೇರೆಯವರ ಪಾಲು. ಫಾಲ್ಕರ್ಕ್‌ನ ಮಾರ್ಕ್ ಕೆರ್, ಚೆಲ್ಟ್‌ನಮ್‌ನ ಮೈಕ್ ಡಫ್ ಅಗ್ಗ. ಮಿಲ್‌ವಾಲ್‌ನ ಚೆರ್ನೊ ಸಾಂಬಾ, ಡರ್ಬಿಯ ಟೊಂಟನ್ ಜೋಲಾ ಮೊಕೊಕೊ ಎಳೆಯರು, ಕಾಯಬೇಕು. ಸ್ವೀಡನ್ನಿನಿಂದ ಕಿಮ್ ಶೆಲ್‌ಸ್ಟ್ರೋಮ್, ಕೆನಡಿ ಬಕಿರ್ಚಿಯೊಗ್ಲು. ಎಲ್ಲರಿಗಿಂತ ಮೇಲೆ ಬೆಲಾರುಸ್‌ನ ಕ್ಲಬ್ ದಿನಾಮೊ ಮಿನ್ಸ್ಕ್‌ನ ಮ್ಯಾಕ್ಸಿಮ್ ಸಿಗಾಲ್ಕೊ. ಇಪ್ಪತ್ತು ವರ್ಷ ಇವನ ಹೆಸರು ಹೇಳಿಕೊಂಡೇ ಜನ ಈ ಆಟ ಆಡಿದರು. ನಿಜದ ಸಿಗಾಲ್ಕೊ 2020ರ ಡಿಸೆಂಬರಿನಲ್ಲಿ, ಮೂವತ್ತೇಳರ ಪ್ರಾಯದಲ್ಲಿ ತೀರಿಹೋದ.

ಇವನನ್ನು ಇಂಗ್ಲೆಂಡಿಗೆ ತರಲು ಹೊರಟವರಿಗೆ ಎದುರಾಗುವುದು ವರ್ಕ್ ಪರ್ಮಿಟ್. ಯುರೋಪಿಯನ್ ಒಕ್ಕೂಟದವರಿಗೆ ಅದು ಬೇಡ. ಇಲ್ಲಿ ಕ್ಯಾಲೆಂಡರ್ ನೆನಪಿರಲಿ: 2001ರಲ್ಲಿ ಒಕ್ಕೂಟದಲ್ಲಿ ಇದ್ದದ್ದು 15 ದೇಶ ಮಾತ್ರ. ಪೋಲೆಂಡ್, ಚೆಕ್ ಗಣರಾಜ್ಯ ಸೇರಿದ್ದು 2004ರಲ್ಲಿ. ಹಾಗಾಗಿ ಆ ದೇಶದವರಿಗೂ ಪರ್ಮಿಟ್ ಬೇಕು. ಸ್ವೀಡನ್, ಡೆನ್ಮಾರ್ಕ್, ಫಿನ್‌ಲೆಂಡಿನವರಿಗೆ ಬೇಡ. ಸ್ವೀಡನ್ ಲೀಗ್ ಹಾಕಿಕೊಳ್ಳಿ ಎಂದದ್ದು ಇದೇ ಕಾರಣಕ್ಕೆ. ತನ್ನ ದೇಶದ ತಂಡಕ್ಕೆ ಆಗಾಗ ಆಡುವವನಿಗೆ ಪರ್ಮಿಟ್ ಸಿಗುವುದು ಸುಲಭ. ಒಮ್ಮೆ ತಿರಸ್ಕಾರವಾದರೆ ಮೇಲ್ಮನವಿ ಹಾಕಿ, ಅದೂ ಬಿದ್ದರೆ ಅವನು ಇನ್ನಷ್ಟು ಅಂತರರಾಷ್ಟ್ರೀಯ ಪಂದ್ಯ ಆಡುವವರೆಗೆ ಬಿಟ್ಟು ಮತ್ತೆ ಕೇಳಿ.

ನಿಲ್ಲಿಸುವುದು

4-4-2ರಲ್ಲಿ ಶುರು ಮಾಡಿ ಬದಿಯಿಂದ ಕ್ರಾಸ್ ಹಾಕಿಸುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಈ ಎಂಜಿನ್‌ನಲ್ಲಿ ಅದಕ್ಕಿಂತ ಫಲ ಕೊಡುವುದು ಇಕ್ಕಟ್ಟಿನ 4-1-3-2. ಬದಿಗಳಲ್ಲಿ ನೀರು ನಿಂತ ಮೈದಾನದಲ್ಲಿ ಚೆಂಡು ನಡುವಿನಲ್ಲೇ ಓಡಾಡುವ ಹಾಗೆ, ಇಲ್ಲಿಯೂ ಗೋಲು ಹುಟ್ಟುವುದು ನಡುವಿನಲ್ಲಿ ಹೆಚ್ಚು ಜನ ಇದ್ದಾಗ. ನಾಲ್ವರು ರಕ್ಷಕರು, ಅವರ ಮುಂದೆ ಒಬ್ಬ ಡಿಫೆನ್ಸಿವ್ ಮಿಡ್‌ಫೀಲ್ಡರ್, ನಡುವೆ ಒತ್ತೊತ್ತಾಗಿ ಮೂವರು, ಮುಂದೆ ಇಬ್ಬರು.

ಯಾರು ಎತ್ತ ಓಡಬೇಕೆಂದು ತೋರಿಸುವ ಬಾಣಗಳು ಯಾರಿಗೆ? ಮೂವರಲ್ಲಿ ನಡುವಿನವನಿಗೆ ಮುಂದಕ್ಕೆ ಬಾಣ. ಎಡ-ಬಲ ರಕ್ಷಕರಿಗೂ ಮುಂದಕ್ಕೆ, ಅಗಲ ಅವರಿಂದಲೇ ಬರಬೇಕು. ಡಿಫೆನ್ಸಿವ್ ಮಿಡ್‌ಫೀಲ್ಡರಿಗೆ ಬಾಣ ಬೇಡ. ಅವನೂ ಹೊರಟರೆ ಇಬ್ಬರು ನಡು ರಕ್ಷಕರಷ್ಟೇ ಹಿಂದೆ ಉಳಿಯುತ್ತಾರೆ, ಒಂದು ಉದ್ದ ಪಾಸಿಗೆ ಗೋಲು. ಪಾಸಿಂಗ್ ಮಿಶ್ರ ಅಥವಾ ಚಿಕ್ಕದು. ಪ್ರೆಸಿಂಗ್ ಹಾಕಿ. ಆಫ್‌ಸೈಡ್ ಟ್ರ್ಯಾಪ್, ನಡು ರಕ್ಷಕರ ಪೇಸ್ 12ಕ್ಕಿಂತ ಕಡಿಮೆ ಇದ್ದರೆ ತೆಗೆಯಿರಿ. ಟ್ಯಾಕ್ಲಿಂಗ್ ಗಟ್ಟಿ ಮಾಡಿದರೆ ಚೆಂಡು ಹೆಚ್ಚು ಸಿಗುತ್ತದೆ, ಕಾರ್ಡೂ ಹೆಚ್ಚು. 46 ಪಂದ್ಯದ ಸೀಸನ್‌ನಲ್ಲಿ ಅಮಾನತಿನ ಲೆಕ್ಕ ಭಾರವಾಗುತ್ತದೆ. ತವರಿನ ಪಂದ್ಯಕ್ಕೆ ಅಟ್ಯಾಕಿಂಗ್, ಹೊರಗಿನ ಪಂದ್ಯಕ್ಕೆ ನಾರ್ಮಲ್.

ಇದೇ ತಂತ್ರದ ಪರದೆಯಲ್ಲಿ ಚೆಂಡು ನಮ್ಮಲ್ಲಿದ್ದಾಗ, ಇಲ್ಲದಿದ್ದಾಗ ಎಂಬ ಎರಡು ಪುಟಗಳಿವೆ. ಚೆಂಡು ಮೈದಾನದ ಯಾವ ಭಾಗದಲ್ಲಿದ್ದರೆ ಯಾರು ಎಲ್ಲಿರಬೇಕೆಂದು ಎಳೆದು ಇಡಬಹುದು. ಓಡಿದ ದೂರಕ್ಕೆ ತಕ್ಕ ದಣಿವನ್ನು ಎಂಜಿನ್ ಸರಿಯಾಗಿ ಲೆಕ್ಕ ಹಾಕುವುದಿಲ್ಲ ಎಂಬುದನ್ನು ಬಳಸಿಕೊಂಡು ಒಬ್ಬನನ್ನೇ ಎರಡೂ ಕಡೆ ನಿಲ್ಲಿಸುವ ತಂತ್ರಗಳು ಓಡಾಡುತ್ತವೆ. ಅವುಗಳಿಂದ ಗೆಲುವು ಬರುತ್ತದೆ, ಆಟ ಸಪ್ಪೆಯಾಗುತ್ತದೆ. ಈ ಪುಟಗಳನ್ನು ಮುಟ್ಟದೆ ಒಂದು ಸೀಸನ್ ಆಡಿ. ಆಮೇಲೆ ಕಾರ್ನರಿನಲ್ಲಿ ಯಾರು ಹಿಂದೆ ಉಳಿಯಬೇಕು ಎನ್ನುವಂಥ ಸಣ್ಣ ತಿದ್ದುಪಡಿಗೆ ಬಳಸಿ.

ಪಂದ್ಯದ ಮುಂಚೆ ಕಂಡಿಷನ್, ಅಂದರೆ ಆಟಗಾರನಲ್ಲಿ ಉಳಿದ ಕಸುವಿನ ಶೇಕಡಾ ಲೆಕ್ಕ, ನೋಡಿ. 90ಕ್ಕಿಂತ ಕೆಳಗಿದ್ದವನನ್ನು ಬೆಂಚಿನಲ್ಲಿಡಿ, 80ಕ್ಕಿಂತ ಕೆಳಗಿದ್ದರೆ ಅದೂ ಬೇಡ. ಗಾಯವಾಗಿ ಎರಡು ತಿಂಗಳು ಹೋಗುವುದಕ್ಕಿಂತ ಎರಡು ಪಂದ್ಯ ತಪ್ಪುವುದು ಲೇಸು. ತರಬೇತಿಯನ್ನು ಎಲ್ಲದರಲ್ಲೂ ಇಂಟೆನ್ಸಿವ್ ಮಾಡಿದರೆ ಈ ದಣಿವು ಬೇಗ ಬರುತ್ತದೆ. ಆ ಸ್ಥಾನಕ್ಕೆ ಬೇಕಾದ ಒಂದೆರಡು ವಿಭಾಗ ಇಂಟೆನ್ಸಿವ್, ಉಳಿದದ್ದು ಮೀಡಿಯಂ.

ಸೇವ್

ಒಂದೇ ಹೆಸರಿನ ಮೇಲೆ ಮತ್ತೆ ಮತ್ತೆ ಸೇವ್ ಮಾಡಬೇಡಿ. ಫೈಲ್ ಬರೆಯುತ್ತಿರುವಾಗ ಕರೆಂಟು ಹೋದರೆ ಹಳೆಯದೂ ಹೊಸದೂ ಎರಡೂ ಹಾಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಅದು ಯಾವ ಹೊತ್ತಿಗೂ ಆಗುವಂಥದ್ದು. ಲ್ಯಾಪ್‌ಟಾಪ್ ಬ್ಯಾಟರಿ ಸರಿಯಿಲ್ಲದವರು, ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪಿನಲ್ಲಿ ಆಡುವವರು ಎರಡು ಹೆಸರು ಇಟ್ಟುಕೊಂಡು ಒಂದು ಬಾರಿ ಇದಕ್ಕೆ, ಮುಂದಿನ ಬಾರಿ ಅದಕ್ಕೆ ಸೇವ್ ಮಾಡಿ. ಆಟಗಾರರ ಹೊಸ ಪಟ್ಟಿಯನ್ನು ಹಾಕಿ ಆಡುವ ಮನಸ್ಸಾದರೆ ಇಡೀ ಫೋಲ್ಡರನ್ನು ಇನ್ನೊಂದು ಹೆಸರಿನಲ್ಲಿ ನಕಲು ಮಾಡಿ ಅದರಲ್ಲಿ ಹಾಕಿ, 2001ರ ಮೂಲ ಡೇಟಾ ಹಾಗೆಯೇ ಉಳಿಯಲಿ.